ಬಿತ್ತಿದವನ ತಾಳ್ಮೆ

ಕನ್ನಡದ 'ತಾಳು' ಎಂಬ ಕ್ರಿಯಾಪದಕ್ಕೆ ಮೂರು ಮುಖಗಳುಂಟು. ಅವಸರಪಡುವ ಮಗುವಿಗೆ ತಾಯಿ 'ತಾಳು' ಎಂದರೆ 'ಕಾದಿರು' ಎಂದು ಅರ್ಥ. ನೋವನ್ನು ತಾಳಿದನೆಂದರೆ ಸಹಿಸಿದನೆಂದು ಅರ್ಥ. ರೂಪವನ್ನು ತಾಳಿದನು, ಜನ್ಮವನ್ನು ತಾಳಿದನು ಎಂದಾಗ ಧರಿಸಿದನೆಂದು ಅರ್ಥ. ಕಾಯುವುದು, ಸಹಿಸುವುದು, ಧರಿಸುವುದು, ಈ ಮೂರೂ ಒಂದೇ ಮಾತಿನಲ್ಲಿ ಅಡಗಿವೆ. ತಾಳ್ಮೆಯೆಂಬ ಗುಣವನ್ನು ವಿಚಾರಿಸಿ ನೋಡಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಕೈಮರ ದೊರೆಯಲಾರದು. ಬಹುಕಾಲ ಕಾದು, ಬಹಳವಾಗಿ ಸಹಿಸಿದವನು ಕೊನೆಗೆ ಮೊದಲಿನವನಾಗಿಯೇ ಉಳಿಯುವುದಿಲ್ಲ. ತನಗೇ ತಿಳಿಯದಂತೆ ಬೇರೊಂದು ರೂಪವನ್ನು ತಾಳಿರುತ್ತಾನೆ.

ಕ್ರೈಸ್ತರ ಹೊಸ ಒಡಂಬಡಿಕೆಯು ಗ್ರೀಕ್ ಭಾಷೆಯಲ್ಲಿ ರಚಿತವಾದುದು. ಅಲ್ಲಿ ಈ ಗುಣಕ್ಕೆ 'ಹುಪೊಮೊನೆ' ಎಂದು ಹೆಸರು. 'ಹುಪೊ' ಎಂದರೆ ಅಡಿಯಲ್ಲಿ. 'ಮೊನೆ' ಎಂದರೆ ನಿಲ್ಲುವಿಕೆ. ಹೊರೆಯ ಅಡಿಯಿಂದ ಜಾರಿಕೊಳ್ಳದೆ ನಿಂತಿರುವುದೇ ಅದರ ಭಾವ. ಪೌಲನು ರೋಮಾಪುರದ ಸಭೆಗೆ ಬರೆದ ಪತ್ರದಲ್ಲಿ ಕಷ್ಟಕ್ಕೂ ನಿರೀಕ್ಷೆಗೂ ನಡುವಣ ಮೆಟ್ಟಲಾಗಿ ಇದನ್ನು ಇರಿಸಿದ್ದಾನೆ. ಕಷ್ಟದಿಂದ ನೇರವಾಗಿ ನಿರೀಕ್ಷೆಗೆ ನೆಗೆಯುವ ದಾರಿಯನ್ನು ಅವನು ತೋರಿಸಿಲ್ಲ. ಯೇಸುಸ್ವಾಮಿಯ ಉಪಮಾನಗಳಲ್ಲಿ ಬಿತ್ತುವವನ ಕಥೆಯು ಎಲ್ಲರೂ ಬಲ್ಲದ್ದು. ಅದರಲ್ಲೊಂದು ಸೂಕ್ಷ್ಮವುಂಟು. ಬಂಡೆಯ ಮೇಲಣ ತೆಳುಮಣ್ಣಿನಲ್ಲಿ ಬಿದ್ದ ಬೀಜಕ್ಕೆ ಮೊಳೆಯುವ ಶಕ್ತಿ ಇಲ್ಲದಿರಲಿಲ್ಲ. ಅದು ಬಹು ಬೇಗನೆ ಮೊಳೆಯಿತು. ಬೇರಿಲ್ಲದುದರಿಂದ ಬಿಸಿಲೇರುತ್ತಲೂ ಬಾಡಿತು. ಆದುದರಿಂದ ಮೊದಲ ಉತ್ಸಾಹವನ್ನು ಕಂಡು ಭಕ್ತಿಯನ್ನು ಅಳೆಯಲಾಗದು. ಅಳೆಯುವುದಕ್ಕೆ ಬಿಸಿಲು ಬರಬೇಕು.

ತಾಳ್ಮೆಯ ವೇಷವನ್ನು ಹಾಕಿಕೊಂಡು ಬರುವವು ಎರಡುಂಟು. ಒಂದು ಜಡತೆ, ಮತ್ತೊಂದು ಹಠ. ಬೇರೆ ಗತಿಯಿಲ್ಲದೆ ಬಿದ್ದುಕೊಂಡಿರುವವನು ತಾಳ್ಮೆಯುಳ್ಳವನೆಂದು ಜನ ಹೊಗಳುವುದುಂಟು. ಹಿಡಿದುದನ್ನು ಬಿಡದವನೂ ಅದೇ ಹೊಗಳಿಕೆಗೆ ಪಾತ್ರನಾಗುತ್ತಾನೆ. ಆದರೆ ಜಡನು ಏನನ್ನೂ ಮಾಡುವುದಿಲ್ಲ, ಹಠವಾದಿಯು ಏನನ್ನೂ ಕಲಿಯುವುದಿಲ್ಲ. ಸೋದೆಯ ವಾದಿರಾಜರು ತಾಳುವಿಕೆಯನ್ನು ತಪಸ್ಸೆಂದು ಹಾಡಿದುದು ಇವೆರಡನ್ನೂ ಮನಸ್ಸಿನಲ್ಲಿಟ್ಟುಕೊಂಡಲ್ಲ. ತಪಸ್ಸಿನಲ್ಲಿ ಬೇಯುವಿಕೆಯೂ ಉಂಟು, ಪಾಕವೂ ಉಂಟು. ಕ್ರೈಸ್ತ ಜೀವನವು ಕೇಳುವ ತಾಳ್ಮೆಯೂ ಆ ಜಾತಿಯದೇ.

ಹಿಂದೂದೇಶಕ್ಕೆ ಬಂದ ಮಿಶನರಿಗಳ ಚರಿತ್ರೆಯಲ್ಲಿ ಇದಕ್ಕೆ ಪ್ರಸಿದ್ಧ ದೃಷ್ಟಾಂತವೆಂದರೆ ವಿಲಿಯಂ ಕೇರಿಯವರದು. ಇಂಗ್ಲೆಂಡಿನಲ್ಲಿ ಚಮ್ಮಾರಿಕೆಯನ್ನು ಕಲಿತು ಜೀವಿಸಿದ್ದ ಆತನು 1793ರಲ್ಲಿ ವಂಗದೇಶಕ್ಕೆ ಬಂದನು. ಮೊದಲನೆಯ ಬಂಗಾಳಿ ಭಕ್ತನಾದ ಕೃಷ್ಣಪಾಲನೆಂಬ ಬಡಗಿಯು ದೀಕ್ಷಾಸ್ನಾನ ಹೊಂದಿದುದು 1800ನೆಯ ಡಿಸೆಂಬರಿನಲ್ಲಿ. ನಡುವಣ ಏಳು ವರ್ಷಗಳಲ್ಲಿ ಕೇರಿಯವರ ಎಳೆಯ ಮಗನು ತೀರಿಕೊಂಡನು. ಪತ್ನಿಯ ಬುದ್ಧಿಯು ಸ್ಥಿಮಿತ ತಪ್ಪಿತು. 1812ನೆಯ ಮಾರ್ಚಿ 11ರಂದು ಶ್ರೀರಾಂಪುರದ ಮುದ್ರಣಾಲಯಕ್ಕೆ ಬೆಂಕಿ ಬಿದ್ದು, ಅನೇಕ ಭಾಷೆಗಳ ಪದಗಳನ್ನು ಕೂಡಿಸಿ ಬರೆದಿದ್ದ ಕೋಶದ ಹಸ್ತಪ್ರತಿಯೂ ತೆಲುಗು ವ್ಯಾಕರಣದ ಹಸ್ತಪ್ರತಿಯೂ ಬೂದಿಯಾದವು. ಆತನು ಮತ್ತೆ ಮೊದಲಿನಿಂದ ಕೆಲಸಕ್ಕೆ ಕುಳಿತನು. 1817ರಲ್ಲಿ ಅದೇ ಶ್ರೀರಾಂಪುರದಿಂದ ಆತನ ಕನ್ನಡ ವ್ಯಾಕರಣವೂ ಹೊರಟಿತು.

ಇದು ದೊಡ್ಡ ಧೈರ್ಯ; ಸಂದೇಹವಿಲ್ಲ. ಆದರೆ ಬೆಂಕಿಯೆಂಬುದು ಕಣ್ಣಿಗೆ ಕಾಣುವ ವಿಪತ್ತು. ಅದರ ಸುದ್ದಿ ಕೇಳಿ ಇಂಗ್ಲೆಂಡಿನ ಜನ ಮರುಗಿದರು, ಹಣವನ್ನು ಕೂಡಿಸಿ ಕಳುಹಿಸಿದರು. ಲೋಕವೆಲ್ಲ ನೋಡಿ ಮರುಗುವ ಕಷ್ಟಕ್ಕೆ ಆ ಮರುಕವೇ ಅರ್ಧ ಔಷಧ. ಬೆಂಕಿಯಿಲ್ಲದೆ, ಹೊಗೆಯಿಲ್ಲದೆ, ಯಾರ ಕಣ್ಣಿಗೂ ಬೀಳದೆ ದಿನದಿನವೂ ಸವೆಯುವ ಬಾಳಿನ ತಾಳ್ಮೆಯು ಇನ್ನೊಂದು ಬಗೆಯದು. ಕೇಳಿದ ಫಲ ಬಾರದೆ ಕೇಳದ ಫಲವೊಂದು ಕೈಗೆ ಬಂದಾಗ, ಅದನ್ನೂ ದೇವರಿತ್ತುದೆಂದು ಸ್ವೀಕರಿಸಿ ದುಡಿಯುವುದು ಅದಕ್ಕಿಂತಲೂ ಕಠಿನವಾದುದು. ಇದಕ್ಕೆ ದೃಷ್ಟಾಂತವನ್ನು ಹುಡುಕಿಕೊಂಡು ವಂಗದೇಶದವರೆಗೆ ಹೋಗಬೇಕಾಗಿಲ್ಲ. ಕನ್ನಡ ಬಲ್ಲವರ ಪುಸ್ತಕದ ಕಪಾಟಿನಲ್ಲಿಯೇ ಅದು ಇದೆ.

ಫರ್ಡಿನೆಂಡ್ ಕಿಟ್ಟೆಲರು 1832ರಲ್ಲಿ ಜರ್ಮನಿಯ ಉತ್ತರದ ಕಡಲಂಚಿನಲ್ಲಿರುವ ಪೂರ್ವ ಫ್ರೀಸಿಯ ಎಂಬ ಸೀಮೆಯಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ವಿದ್ಯಾಲಯದಲ್ಲಿ ಓದಿ, 1853ರಲ್ಲಿ, ಇಪ್ಪತ್ತೊಂದರ ಪ್ರಾಯದಲ್ಲಿ, ಕನ್ನಡ ನಾಡಿಗೆ ಬಂದರು. ಬಂದುದು ಸುವಾರ್ತೆಯನ್ನು ಸಾರುವುದಕ್ಕೆ, ನಿಘಂಟನ್ನು ಬರೆಯುವುದಕ್ಕಲ್ಲ. ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿ ಎಂದು ಅವರ ಬಿಡಾರವು ಬದಲಾಗುತ್ತ ಹೋಯಿತು. ಜನರ ಹೃದಯಕ್ಕೆ ದಾರಿಯು ಜನರ ಮಾತಿನಲ್ಲಿಯೇ ಇದೆಯೆಂದು ತಿಳಿದು ಅವರು ಕನ್ನಡವನ್ನು ಕಲಿಯತೊಡಗಿದರು. 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ದೇಶೀಯ ಛಂದಸ್ಸಿಗೆ ಅಳವಡಿಸಿ 'ಕಥಾಮಾಲೆ'ಯನ್ನು ರಚಿಸಿದರು. ಮನೆಯೊಳಗೆ ಅಲೆಯಬೇಕೆನ್ನುವವನು ಹೊಸ್ತಿಲಲ್ಲಿ ನಿಲ್ಲಲಾರನು. ಮಾತಿನಿಂದ ಕಾವ್ಯಕ್ಕೆ, ಕಾವ್ಯದಿಂದ ವ್ಯಾಕರಣಕ್ಕೆ, ವ್ಯಾಕರಣದಿಂದ ಛಂದಸ್ಸಿಗೆ ಅವರು ಒಳಹೊಕ್ಕರು. 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನೂ 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನೂ ಪರಿಷ್ಕರಿಸಿ ಅಚ್ಚು ಹಾಕಿಸಿದರು.

ಈ ನಡುವೆ ಮನೆಯಲ್ಲಿ ನಡೆದುದೇನು? 1860ರಲ್ಲಿ ಅವರು ಪೌಲೀನ್ ಐತ್ ಎಂಬಾಕೆಯನ್ನು ವಿವಾಹವಾಗಿದ್ದರು. ಕೆಲವೇ ವರ್ಷಗಳಲ್ಲಿ ಆಕೆ ತೀರಿಕೊಂಡರು. 1867ರಲ್ಲಿ ಆಕೆಯ ಸೋದರಿ ಜೂಲಿಯವರು ಆ ಮನೆಯನ್ನು ತುಂಬಿದರು. ಬಾಸೆಲ್ ಮಿಶನರಿಗಳ ಮಕ್ಕಳು ಓದಿನ ವಯಸ್ಸು ಬಂದಾಗ ತಾಯಿತಂದೆಗಳನ್ನು ಅಗಲಿ ಯೂರೋಪಿಗೆ ಹೋಗುವುದು ಅಂದಿನ ಪದ್ಧತಿಯಾಗಿತ್ತು. ಹಡಗು ಹತ್ತಿಸಿ ಕಳುಹಿಸಿದ ಮಗುವಿನ ಮುಖವನ್ನು ಮತ್ತೆ ನೋಡುವ ಹೊತ್ತಿಗೆ ಅದು ಬೆಳೆದು ಅಪರಿಚಿತವಾಗಿರುವುದೂ ಇತ್ತು. ಒಬ್ಬನ ತಾಳ್ಮೆಯ ಬೆಲೆಯನ್ನು ಅನೇಕ ವೇಳೆ ಅವನೊಬ್ಬನೇ ತೆರುವುದಿಲ್ಲ. ಮಹಾಕಾರ್ಯಗಳನ್ನು ಕೊಂಡಾಡುವಾಗ ಈ ಲೆಕ್ಕವನ್ನು ಮರೆಯುವುದು ನ್ಯಾಯವಲ್ಲ.

ನಿಘಂಟಿನ ಕೆಲಸವು ಎಂತಹುದೆಂದು ಹೊರಗಿನವರಿಗೆ ತಿಳಿಯುವುದು ಕಷ್ಟ. ರೀವ್ ಸಾಹೇಬರ ಕನ್ನಡ-ಇಂಗ್ಲಿಷ್ ಕೋಶವೊಂದು 1832ರಲ್ಲಿಯೇ ಹೊರಟಿತ್ತು. ಆದರೆ ಕಿಟ್ಟೆಲರು ಬಯಸಿದುದು ಬರಿಯ ಶಬ್ದಗಳ ಪಟ್ಟಿಯನ್ನಲ್ಲ. ಶಬ್ದವೊಂದು ಅಚ್ಚಗನ್ನಡವೋ ತತ್ಸಮವೋ ತದ್ಭವವೋ ಎಂದು ನಿರ್ಣಯಿಸಬೇಕು. ತಮಿಳು, ತೆಲುಗು, ಮಲೆಯಾಳ, ತುಳುಗಳಲ್ಲಿ ಅದರ ಬಂಧುಗಳನ್ನು ಹುಡುಕಬೇಕು. ಹಳೆಯ ಕವಿಗಳು ಅದನ್ನು ಬಳಸಿದ ಸ್ಥಳವನ್ನು ಕಾಣಿಸಬೇಕು. ಅದು ಬರುವ ಗಾದೆಯನ್ನು ಜನರ ಬಾಯಿಂದ ಕೇಳಿ ಬರೆದುಕೊಳ್ಳಬೇಕು. ಮೂರು ಮುಖದ 'ತಾಳು' ಎಂಬುದೊಂದನ್ನು ಹೀಗೆ ಶೋಧಿಸುವುದೇ ಎಷ್ಟು ಹೊತ್ತಿನ ಕೆಲಸ! ಅಂತಹ ಶಬ್ದಗಳು ಸುಮಾರು 70,000. ಒಂದು ದಿನದ ದುಡಿಮೆಗೂ ಮರುದಿನದ ದುಡಿಮೆಗೂ ಭೇದ ಕಾಣದ ಇಂತಹ ಕೆಲಸದಲ್ಲಿ ಉತ್ಸಾಹವು ಒಂದು ತಿಂಗಳು ಬಾಳೀತು. ವರ್ಷವರ್ಷಗಳ ಕಾಲ ಬಾಳುವುದು ಉತ್ಸಾಹವಲ್ಲ, ಬೇರೆ ಯಾವುದೋ ಒಂದು.

ದೇಹವು ಸೋತಿತು. 1877ರಲ್ಲಿ ಅವರು ಸ್ವದೇಶಕ್ಕೆ ಮರಳಬೇಕಾಯಿತು. ಅಲ್ಲಿಯೇ ಉಳಿದಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ನಿಘಂಟಿನ ಕೆಲಸವು ಮುಗಿದಿರಲಿಲ್ಲ. 1883ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಅವರು ಮತ್ತೆ ಕಡಲನ್ನು ದಾಟಿ ಬಂದರು. ಇನ್ನೂ ಸುಮಾರು ಒಂಬತ್ತು ವರ್ಷ ದುಡಿದು ಕಡೆಯ ಬಾರಿಗೆ ಹಿಂದಿರುಗಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ನಿಘಂಟು ಹೊರಬಂದಿತು. ಪುಟಗಳು 1,700ಕ್ಕೂ ಮೇಲೆ. ಇಪ್ಪತ್ತೊಂದರಲ್ಲಿ ಬಂದ ತರುಣನಿಗೆ ಆಗ ಅರುವತ್ತೆರಡು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಗೌರವ ಪಂಡಿತಪದವಿಯನ್ನಿತ್ತಿತು. ಆಮೇಲಾದರೂ ಲೇಖನಿಯನ್ನು ಕೆಳಗಿಟ್ಟರೆ? ಇಲ್ಲ. ಅವರ ಕನ್ನಡ ವ್ಯಾಕರಣವು 1903ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯೂಬಿಂಗೆನ್ನಿನಲ್ಲಿ ಅವರು ಕಾಲವಾದರು.

ಇಷ್ಟೇ ಆದರೆ ಇದು ಒಬ್ಬ ಶ್ರಮಜೀವಿ ಪಂಡಿತರ ಚರಿತ್ರೆ. ಕ್ರೈಸ್ತ ಜೀವನದ ಪ್ರಶ್ನೆ ಇನ್ನೂ ಎದ್ದೇ ಇಲ್ಲ. ಆ ಪ್ರಶ್ನೆ ಹೀಗಿದೆ: ಸುವಾರ್ತೆಯನ್ನು ಸಾರಲು ಬಂದವರು ಶಬ್ದಗಳನ್ನು ಕೂಡಿಸುವುದರಲ್ಲಿ ಬಾಳನ್ನು ಕಳೆದರೆ, ಅವರು ಕರೆಯಲ್ಲಿ ನಿಂತರೋ, ಕರೆಯಿಂದ ಜಾರಿದರೋ? ಅವರ ಸಹೋದ್ಯೋಗಿಗಳಲ್ಲಿ ಕೆಲವರಿಗೆ ಇದೇ ಶಂಕೆಯಿತ್ತು. ಮಿಶನ್ನಿನಲ್ಲಿ ಕೆಲಸವನ್ನು ಅಳೆಯುವ ಕೋಲು ಸಭೆಗಳು, ಶಾಲೆಗಳು, ದೀಕ್ಷಾಸ್ನಾನಗಳು. ಆ ಕೋಲಿನಿಂದ ಅಳೆದರೆ ಕಿಟ್ಟೆಲರ ಬಾಳು ಗಿಡ್ಡವಾಗಿಯೇ ಕಂಡೀತು. ಅವರ ನಿಘಂಟನ್ನು ತೆರೆದ ಕನ್ನಡಿಗರಲ್ಲಿ ಬಹುಮಂದಿ ಅವರ ಮತವನ್ನು ಸ್ವೀಕರಿಸಿದವರಲ್ಲ; ಸ್ವೀಕರಿಸಬೇಕೆಂಬ ಷರತ್ತೂ ಅದರ ಯಾವ ಪುಟದಲ್ಲಿಯೂ ಇಲ್ಲ. ಶಿವಶರಣರ ವಚನಕ್ಕೆ ಅರ್ಥ ಹುಡುಕುವವರು, ಕುಮಾರವ್ಯಾಸನ ಪದ್ಯವನ್ನು ಬಿಡಿಸುವವರು, ಬಸದಿಯ ಶಾಸನವನ್ನು ಓದುವವರು, ಎಲ್ಲರೂ ಆ ಪಾದ್ರಿಯವರ ಗ್ರಂಥದ ಬಾಗಿಲನ್ನು ತಟ್ಟಿದರು.

ಹಠವಾದಿಯಾಗಿದ್ದರೆ ಕಿಟ್ಟೆಲರು ಎರಡರಲ್ಲೊಂದನ್ನು ಮಾಡುತ್ತಿದ್ದರು: ಭಾಷೆಯನ್ನು ಬಿಸುಟು, ಜನ ಕೇಳಲಿ ಬಿಡಲಿ ಬೀದಿಯಲ್ಲಿ ಕೂಗುತ್ತಿದ್ದರು, ಇಲ್ಲವೆ ಸೋತೆನೆಂದು ಹಡಗು ಹತ್ತುತ್ತಿದ್ದರು. ಅವರು ಎರಡನ್ನೂ ಮಾಡಲಿಲ್ಲ. ಬೋಧಿಸಲು ಬಂದವರು ಕಲಿಯಲು ಕುಳಿತರು; ಕಲಿಯುತ್ತಲೇ ನಲುವತ್ತು ವರ್ಷ ಕುಳಿತರು. ಕ್ರೈಸ್ತ ತಾಳ್ಮೆಯ ಗುಟ್ಟು ಇಲ್ಲಿಯೇ ಇರುವಂತೆ ತೋರುತ್ತದೆ. ಅದು ತನ್ನ ಇಚ್ಛೆಯನ್ನು ಲೋಕದ ಮೇಲೆ ಹೇರುವ ಬಲವಲ್ಲ. ಇಚ್ಛೆಯು ಕರಗುತ್ತಿರುವಾಗಲೂ ಕೆಲಸವನ್ನು ಬಿಡದಿರುವ ನಂಬಿಕೆ. ಬಿತ್ತಿದ ಕೈಯೇ ಕೊಯ್ಯಬೇಕೆಂಬ ನಿಯಮವು ಆ ಧರ್ಮದಲ್ಲಿಲ್ಲ. ಬಿತ್ತಿದುದೇ ಬೆಳೆಯಬೇಕೆಂಬ ನಿಯಮ ಮಾತ್ರ ಇದೆಯೆಂದು ಜನ ತಿಳಿದಿರುತ್ತಾರೆ. ಕಿಟ್ಟೆಲರ ಬಾಳಿನಲ್ಲಿ ಅದೂ ಸಡಿಲಿತು. ಬಿತ್ತಿದುದು ಒಂದು, ಕಣಜ ತುಂಬಿದುದು ಮತ್ತೊಂದು. ಕಣಜದ ಒಡೆಯನು ತಾನಲ್ಲವೆಂದು ನಂಬಿದವನಿಗೆ ಮಾತ್ರ ಇದು ನಷ್ಟವಾಗಿ ತೋರದು.

ನೆರೆಹೊರೆಯವನನ್ನು ತನ್ನಂತೆಯೇ ಪ್ರೀತಿಸಬೇಕೆಂಬುದು ಆ ಮತದ ಎರಡನೆಯ ದೊಡ್ಡ ಆಜ್ಞೆ. ನೆರೆಯವನ ಭಾಷೆಯ ಒಂದೊಂದು ಶಬ್ದವನ್ನೂ, ಹೊಲದ ಮಾತನ್ನೂ ಅಡುಗೆಮನೆಯ ಗಾದೆಯನ್ನೂ, ಎತ್ತಿ ಒರಸಿ ಜೋಪಾನವಾಗಿ ಇಡುವುದು ಆ ಆಜ್ಞೆಯ ಪಾಲನೆಯಲ್ಲವೆಂದು ಯಾರು ಹೇಳಬಲ್ಲರು? ಬೀದಿಯ ಬೋಧನೆಯಲ್ಲಿ ಪ್ರೀತಿಯನ್ನು ಬಾಯಿಂದ ಹೇಳಬೇಕಾಗುತ್ತದೆ. ನಿಘಂಟಿನಲ್ಲಿ ಪ್ರೀತಿಯೆಂಬ ಶಬ್ದವು ತನ್ನ ಅಕ್ಷರದ ಸಾಲಿನಲ್ಲಿ ಸುಮ್ಮನೆ ಒಂದು ಸಲ ಬರುತ್ತದೆ. ಆದರೆ ಪ್ರೀತಿಯ ಕೆಲಸವು ಎಲ್ಲ ಪುಟಗಳಲ್ಲಿಯೂ ಇದೆ.

ಮದರಾಸು ವಿಶ್ವವಿದ್ಯಾಲಯವು ಮರಿಯಪ್ಪ ಭಟ್ಟರಿಂದ ಆ ಗ್ರಂಥವನ್ನು ಪರಿಷ್ಕರಿಸಿ, ವಿಸ್ತರಿಸಿ, 1968ರಿಂದ 1971ರ ವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದಿತು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟು ಸಂಪುಟಗಳು 1970ರಿಂದ 1995ರ ವರೆಗೆ ಪ್ರಕಟವಾದವು. ಅದಕ್ಕೆ ಅನೇಕ ವಿದ್ವಾಂಸರು ಕೂಡಿ ದಶಕಗಳ ಕಾಲ ದುಡಿದರು. ಬಿತ್ತಿದವರೊಬ್ಬರು, ನೀರೆರೆದವರು ಹಲವರು. ಇವರು ಬೇರೆ ಬೇರೆ ದೇವರ ಮುಂದೆ ಕೈಮುಗಿದವರು. ಆದರೆ ತಾಳ್ಮೆಯಲ್ಲಿ ಒಂದೇ ಪಂಕ್ತಿಯವರು.

ಎಲ್ಲರಿಗೂ ನಿಘಂಟು ಬರೆಯುವ ಭಾಗ್ಯವಿಲ್ಲ; ಆದರೆ ಹೊರೆಯಿಲ್ಲದ ಮನೆಯಿಲ್ಲ. ವರ್ಷಗಳಿಂದ ಮಲಗಿರುವ ಮುದುಕಿಗೆ ದಿನವೂ ಗಂಜಿ ಕುಡಿಸುವ ಸೊಸೆ, ಅಕ್ಷರ ಹತ್ತದ ಹುಡುಗನನ್ನು ಐದನೆಯ ಸಲವೂ ಕೂರಿಸಿಕೊಂಡು ತಿದ್ದಿಸುವ ಉಪಾಧ್ಯಾಯ, ಉತ್ತರ ಬಾರದ ಪ್ರಾರ್ಥನೆಯನ್ನು ಬಿಡದೆ ಮಾಡುವ ವಿಧವೆ, ಇವರ ಹೆಸರು ಯಾವ ಗ್ರಂಥದ ಬೆನ್ನಿನ ಮೇಲೆಯೂ ಅಚ್ಚಾಗುವುದಿಲ್ಲ. ಅವರೂ ಹೊರೆಯ ಅಡಿಯಲ್ಲಿ ನಿಂತವರೇ. ತಾಳಿದವನು ಬಾಳಿಯಾನೆಂದು ಗಾದೆ ಹೇಳುತ್ತದೆ. ಕ್ರೈಸ್ತ ಜೀವನವು ಆ ಗಾದೆಗೆ ಒಂದು ಮಾತನ್ನು ಕೂಡಿಸುತ್ತದೆ: ತಾಳಿದವನಿಂದ ಇನ್ನೊಬ್ಬರೂ ಬಾಳಿಯಾರು, ಅವರಾರೆಂಬುದು ತಾಳಿದವನಿಗೆ ಎಂದೂ ತಿಳಿಯದೆ ಇದ್ದರೂ ಇರಲಿ.