ಯಶವಂತಪುರದಿಂದ ಯಲಹಂಕಕ್ಕೆ: ಎರಡು ದೇಶಗಳ ಯೋಗಕ್ಷೇಮ

ಕಳೆದ ತಿಂಗಳು ಒಂದು ದಿನ ಬೆಳಗ್ಗೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದು ನಮಸ್ಕರಿಸಿ, ತಾನು ಜಪಾನು ದೇಶಕ್ಕೆ ಹೊರಟಿರುವುದಾಗಿ ತಿಳಿಸಿದನು. ನಾವು ಯಲಹಂಕದಲ್ಲಿ ಸಂಸ್ಕೃತವನ್ನು ಹೇಳಿಕೊಡುತ್ತಿದ್ದ ಕಾಲಕ್ಕೆ ಈತನು ಮುಂದಿನ ಸಾಲಿನಲ್ಲಿ ಕುಳಿತು ಶಬ್ದರೂಪಗಳನ್ನು ಒಪ್ಪಿಸುತ್ತಿದ್ದವನು. ತರುವಾಯ ಶುಶ್ರೂಷೆಯ ಶಿಕ್ಷಣವನ್ನು ಮುಗಿಸಿ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದವನು. ಈಗ ಜಪಾನೀ ಭಾಷೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಅಲ್ಲಿನ ವೃದ್ಧರನ್ನು ನೋಡಿಕೊಳ್ಳುವ ಉದ್ಯೋಗವನ್ನು ಸಂಪಾದಿಸಿದ್ದಾನೆ. “ಐದು ವರ್ಷದ ಮಾತು, ಮೇಷ್ಟ್ರೇ. ಮನೆಯವರನ್ನು ಜೊತೆಗೆ ಕರೆದೊಯ್ಯಲು ಅಪ್ಪಣೆಯಿಲ್ಲ. ಅಮ್ಮ ಒಬ್ಬರೇ ಇರಬೇಕು. ಹೋಗುವುದು ಮೇಲೋ ಇಲ್ಲಿಯೇ ಇರುವುದು ಮೇಲೋ, ತಾವೇ ಹೇಳಬೇಕು” ಎಂದನು.

ಇಂತಹ ಪ್ರಶ್ನೆಗೆ ಜಗಲಿಯ ಮೇಲೆ ಕುಳಿತು ಉತ್ತರ ಹೇಳುವುದು ನಮಗೆ ಸರಿದೋರಲಿಲ್ಲ. ಆತನ ತಾಯಿಯವರನ್ನು ಅಂದೇ ಕಂಡುಬರಬೇಕೆಂದು ನಿಶ್ಚಯಿಸಿ, ನಮ್ಮ ಮನೆಯಿರುವ ಯಶವಂತಪುರದಿಂದ ಇಬ್ಬರೂ ಹೊರಟೆವು. ದಾರಿಯಲ್ಲಿ ಜಾಲಹಳ್ಳಿಯನ್ನೂ ಹೆಬ್ಬಾಳವನ್ನೂ ನೋಡಿಕೊಂಡು ಹೋಗುವುದೆಂದಾಯಿತು. ಅರ್ಧ ದಿನದ ಈ ಪ್ರಯಾಣದಲ್ಲಿ ಜಪಾನು ದೇಶವು ನಮಗೆ ಎಷ್ಟು ಸಲ ಎದುರಾಯಿತೆಂಬುದನ್ನು ವಾಚಕರಲ್ಲಿ ಅರಿಕೆಮಾಡಿಕೊಳ್ಳುವುದೇ ಈ ಲೇಖನದ ಉದ್ದೇಶ.

ಮೊದಲನೆಯ ಸಲ ಎದುರಾದುದು ಯಶವಂತಪುರದ ಮೆಟ್ರೋ ನಿಲ್ದಾಣದಲ್ಲಿಯೇ. ೨೦೧೪ರ ಮಾರ್ಚಿಯಲ್ಲಿ ಈ ಭಾಗದ ಜನರಿಗೆ ತೆರೆದ ಈ ರೈಲಿನ ಮೊದಲ ಹಂತಕ್ಕೆ ಬೇಕಾದ ದ್ರವ್ಯದಲ್ಲಿ ಒಂದು ಪಾಲು ಜಪಾನು ದೇಶವು ೨೦೦೬ರಲ್ಲಿ ಒಪ್ಪಿಕೊಟ್ಟ ಸಾಲ. “ಅವರು ಸಾಲ ಕೊಡುವವರು, ನಾವು ತೆಗೆದುಕೊಳ್ಳುವವರು. ಹೋಲಿಕೆ ಇಲ್ಲಿಗೇ ಮುಗಿಯಿತಲ್ಲ!” ಎಂದು ಶಿಷ್ಯನು ನಕ್ಕನು. ಅಷ್ಟಕ್ಕೆ ಮುಗಿಯುವುದಿಲ್ಲವೆಂದು ನಾವು ಹೇಳಿದೆವು. ನಮಗೆ ಸಾಲ ಕೊಟ್ಟ ಆ ಸರ್ಕಾರವು ತಾನು ತೀರಿಸಬೇಕಾದ ಋಣವು, ಆ ದೇಶದ ಒಂದು ವರ್ಷದ ಒಟ್ಟು ಉತ್ಪತ್ತಿಯ ಎರಡರಷ್ಟಕ್ಕೂ ಮೀರಿದೆ. ಸಾಲವೊಂದರಿಂದಲೇ ಸಿರಿತನ ಬಡತನಗಳನ್ನು ಅಳೆಯಬರುವುದಿಲ್ಲ.

ಹಾಗಾದರೆ ಯಾವುದರಿಂದ ಅಳೆಯಬೇಕು? ಎರಡು ದೇಶಗಳ ಒಟ್ಟು ಉತ್ಪತ್ತಿಯನ್ನು ನೋಡಿದರೆ ಅವು ಈಗ ಹೆಚ್ಚುಕಡಮೆ ಸಮಸಮವಾಗಿವೆ. ಈ ಮಾತು ಪತ್ರಿಕೆಗಳಲ್ಲಿ ಬಂದಾಗ ನಮ್ಮಲ್ಲಿ ಅನೇಕರು ಹಿಗ್ಗಿದುದುಂಟು. ಆದರೆ ಒಂದೇ ಅಳತೆಯ ಎರಡು ಹಂಡೆಗಳಲ್ಲಿ ಅನ್ನ ಬೆಂದಿದ್ದರೂ, ಒಂದು ಪಂಕ್ತಿಯಲ್ಲಿ ೧೨ ಮಂದಿಯೂ ಮತ್ತೊಂದರಲ್ಲಿ ೧೪೦ ಮಂದಿಯೂ ಕುಳಿತರೆ ಎಲೆಗೆ ಬೀಳುವ ಅನ್ನ ಸಮವಾದೀತೆ? ಜಪಾನಿನ ಜನಸಂಖ್ಯೆ ೧೨ ಕೋಟಿಗೆ ತುಸು ಮೇಲೆ. ನಮ್ಮದು ೧೪೦ ಕೋಟಿಗೂ ಮೇಲೆ. ತಲೆಗೆ ಹಂಚಿ ನೋಡಿದರೆ, ೨೦೨೩ರ ಲೆಕ್ಕದಂತೆ ಅಲ್ಲಿನವನ ಪಾಲಿಗೆ ಸುಮಾರು ೩೩,೦೦೦ ಡಾಲರುಗಳೂ ಇಲ್ಲಿನವನ ಪಾಲಿಗೆ ಸುಮಾರು ೨,೫೦೦ ಡಾಲರುಗಳೂ ಬೀಳುತ್ತವೆ. ಎಂದರೆ ಅಂತರವು ಹದಿಮೂರು ಪಟ್ಟು.

ಈ ಹದಿಮೂರು ಪಟ್ಟೂ ನಂಬತಕ್ಕ ಮಾತಲ್ಲ. ನಾಣ್ಯದ ವಿನಿಮಯವು ಪೇಟೆಯ ಬೆಲೆಯನ್ನು ಹೇಳುವುದಿಲ್ಲ. ಕ್ಷೌರಕ್ಕೆ, ಬಾಡಿಗೆಗೆ, ಒಂದು ಕಟ್ಟು ಸೊಪ್ಪಿಗೆ ಅಲ್ಲಿ ತೆರಬೇಕಾದುದೂ ಇಲ್ಲಿ ತೆರಬೇಕಾದುದೂ ಬೇರೆಬೇರೆ. ಆ ವ್ಯತ್ಯಾಸವನ್ನು ಕಳೆದು, ಕೊಳ್ಳುವ ಶಕ್ತಿಯಿಂದ ಎಣಿಸಿದರೆ ಅಂತರವು ಸುಮಾರು ಐದು ಪಟ್ಟಿಗೆ ಇಳಿಯುತ್ತದೆ. ಶಿಷ್ಯನು ಜೇಬಿನಿಂದ ಒಂದು ಕಾಗದವನ್ನು ತೆಗೆದನು. ಆತನಿಗೆ ತಿಂಗಳಿಗೆ ೨ ಲಕ್ಷ ಯೆನ್ ಸಂಬಳ. ನಮ್ಮ ನಾಣ್ಯದಲ್ಲಿ ಒಂದು ಲಕ್ಷಕ್ಕೂ ಮೀರಿದುದು. ಅದರಲ್ಲಿ ತೆರಿಗೆ, ವಿಮೆ, ಪಿಂಚಣಿಯ ವಂತಿಗೆಗಳಿಗೆ ೪೦ ಸಾವಿರ, ಕೊಠಡಿಗೆ ೩೫ ಸಾವಿರ, ಊಟತಿಂಡಿಗೆ ೩೫ ಸಾವಿರ, ದೀಪ, ದೂರವಾಣಿ, ಓಡಾಟಗಳಿಗೆ ೧೫ ಸಾವಿರ ಎಂದು ರೈಲಿನಲ್ಲಿಯೇ ಕಳೆದುನೋಡಿದೆವು. ಉಳಿದುದು ೭೫ ಸಾವಿರ ಯೆನ್. ಲಕ್ಷ ರೂಪಾಯಿಯ ಮಾತು ನಲವತ್ತು ಸಾವಿರದ ಆಸುಪಾಸಿಗೆ ಬಂದು ನಿಂತಿತು. “ಆದರೂ ನನಗೆ ಇಲ್ಲಿ ಬರುವ ಪೂರ್ತಿ ಸಂಬಳಕ್ಕಿಂತ ಅದು ಹೆಚ್ಚೇ, ಮೇಷ್ಟ್ರೇ” ಎಂದನು. ಆ ಮಾತೂ ನಿಜವೇ.

ರೈಲಿನಿಂದಿಳಿದು ಆಟೋ ಹತ್ತಿ ಜಾಲಹಳ್ಳಿಯ ಎಚ್.ಎಂ.ಟಿ. ವಸ್ತುಸಂಗ್ರಹಾಲಯಕ್ಕೆ ಹೋದೆವು. ಮರಗಳ ನೆರಳಿನಲ್ಲಿರುವ ಈ ಸ್ಥಳವು ಕುಟುಂಬದವರೆಲ್ಲರೂ ಒಮ್ಮೆ ನೋಡಿಬರಲು ಯೋಗ್ಯವಾದುದು. ೧೯೫೩ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯು ಯಂತ್ರಗಳನ್ನು ಮಾಡುವ ಯಂತ್ರಗಳ ವಿದ್ಯೆಯನ್ನು ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪೆನಿಯಿಂದ ಕಲಿತಿತು. ೧೯೬೧ರಲ್ಲಿ ಕೈಗಡಿಯಾರದ ವಿದ್ಯೆಯನ್ನು ಜಪಾನಿನ ಸಿಟಿಜನ್ ಕಂಪೆನಿಯಿಂದ ಕಲಿತಿತು. ಶಿಷ್ಯನ ಕೈಯಲ್ಲಿ ಆತನ ದಿವಂಗತ ತಂದೆಯವರ ಎಚ್.ಎಂ.ಟಿ. ಗಡಿಯಾರವಿದ್ದಿತು. ದಿನಕ್ಕೊಂದು ಸಲ ಕೀಲಿಕೊಟ್ಟರೆ ಇಂದಿಗೂ ಓಡುವಂತಹುದು. ಗಾಜಿನ ಹಿಂದಿರುವ ಅದರ ಒಡಹುಟ್ಟುಗಳನ್ನು ನೋಡುತ್ತ ಆತನು ಬಹಳ ಹೊತ್ತು ನಿಂತಿದ್ದನು.

ಒಂದು ಕಾಲದಲ್ಲಿ ನಮ್ಮ ನಾಡಿನ ಮದುವೆಗಳಲ್ಲಿ ಅಳಿಯನಿಗೆ ಈ ಗಡಿಯಾರವೇ ಉಡುಗೊರೆ. ಆದರೆ ವಿದ್ಯೆ ಕೊಟ್ಟ ಜಪಾನೀಯರು ಅಲ್ಲಿಗೇ ನಿಲ್ಲಲಿಲ್ಲ. ೧೯೬೯ರಲ್ಲಿ ಅವರ ಸೈಕೋ ಕಂಪೆನಿಯವರು ಕ್ವಾರ್ಟ್ಜ್ ಎಂಬ ಸ್ಫಟಿಕದಿಂದ ನಡೆಯುವ ಕೈಗಡಿಯಾರವನ್ನು ಪೇಟೆಗೆ ತಂದರು. ಕೀಲಿಕೊಡುವ ಗಡಿಯಾರಗಳ ಕಾಲವು ಕ್ರಮೇಣ ಮುಗಿಯುತ್ತ ಬಂದಿತು. ನಾವು ಕಲಿತುದನ್ನು ಚೆನ್ನಾಗಿಯೇ ಮಾಡುತ್ತಿದ್ದೆವು. ಮುಂದಿನ ಪಾಠಕ್ಕೆ ತಡವಾಗಿ ಹೋದೆವು. ೨೦೧೬ರಲ್ಲಿ ಕೇಂದ್ರ ಸರ್ಕಾರವು ಗಡಿಯಾರದ ಕಂಪೆನಿಯನ್ನು ಮುಚ್ಚಲು ತೀರ್ಮಾನಿಸಿತು. ಗಳಿಸುವುದೊಂದು, ಗಳಿಸಿದುದನ್ನು ಕಾಪಾಡುವುದೊಂದು. ಈ ಎರಡರ ಭೇದವು ನಮ್ಮ ಮನಸ್ಸಿಗೆ ಅಲ್ಲಿ ಹೊಳೆಯಿತು.

ಜಾಲಹಳ್ಳಿಯಿಂದ ವರ್ತುಲ ರಸ್ತೆಯ ಬಸ್ಸಿನಲ್ಲಿ ಹೆಬ್ಬಾಳಕ್ಕೆ ಬಂದೆವು. ಇಲ್ಲಿಂದ ಉತ್ತರಕ್ಕೆ ಹೊರಡುವ ಬಳ್ಳಾರಿ ರಸ್ತೆಯು ಯಲಹಂಕ, ದೇವನಹಳ್ಳಿಗಳನ್ನು ಹಾದು ಚಿಕ್ಕಬಳ್ಳಾಪುರದ ಕಡೆಗೆ ಹೋಗುತ್ತದೆ. ಆ ಸೀಮೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ೧೮೯೮ರಲ್ಲಿಯೇ ಜಪಾನಿಗೆ ಹೋಗಿಬಂದವರು. ನಮ್ಮ ಶಿಷ್ಯನು ಕೇಳಿದ ಪ್ರಶ್ನೆಯನ್ನು ಜೀವಮಾನವೆಲ್ಲ ಕೇಳಿಕೊಂಡವರು. ೧೯೨೦ರಲ್ಲಿ ಅವರು ಬರೆದ ‘ರೀಕನ್‌ಸ್ಟ್ರಕ್ಟಿಂಗ್ ಇಂಡಿಯಾ’ ಎಂಬ ಗ್ರಂಥದಲ್ಲಿ ಜಪಾನು, ಕೆನಡಾ ಮುಂತಾದ ದೇಶಗಳೊಡನೆ ನಮ್ಮ ದೇಶವನ್ನು ಅಂಕಿಗಳಿಂದ ಹೋಲಿಸಿದ್ದಾರೆ. ಕಾರಣವನ್ನು ಹುಡುಕುತ್ತ ಹೋದರೆ ಅದು ಪಾಠಶಾಲೆಯ ಬಾಗಿಲಿಗೆ ಬಂದು ನಿಲ್ಲುತ್ತದೆ. ಜಪಾನೀಯರು ಊರೂರಿಗೆ ಶಾಲೆಯೆಂಬ ಶಾಸನವನ್ನು ಮಾಡಿದುದು ೧೮೭೨ರಲ್ಲಿ. ೧೯೧೦ರ ಹೊತ್ತಿಗೆ ಅಲ್ಲಿನ ನೂರು ಮಕ್ಕಳಲ್ಲಿ ೯೫ಕ್ಕೂ ಹೆಚ್ಚು ಮಂದಿ ಶಾಲೆಗೆ ಸೇರಿದ್ದರು. ೧೯೧೧ರ ಜನಗಣತಿಯಲ್ಲಿ ಇಂಡಿಯಾ ದೇಶದ ನೂರು ಜನರಲ್ಲಿ ಓದುಬರಹ ಬಲ್ಲವರು ಆರು ಮಂದಿ ಮಾತ್ರ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೈಸೂರು ಸಂಸ್ಥಾನದಲ್ಲಿ ೧೯೧೩ರ ಪ್ರಾಥಮಿಕ ವಿದ್ಯಾಭ್ಯಾಸದ ಶಾಸನವೂ ೧೯೧೬ರ ವಿಶ್ವವಿದ್ಯಾನಿಲಯವೂ ಬಂದುವು. ದೇಶದಲ್ಲಿ ನೂರಕ್ಕೆ ೭೪ರಷ್ಟು ಅಕ್ಷರಸ್ಥರಾದುದು ೨೦೧೧ರ ಗಣತಿಗೆ. ಹದಿಮೂರು ಪಟ್ಟಿನ ಬೇರು ಇಲ್ಲಿದೆ ಎಂಬುದು ಉಪಾಧ್ಯಾಯ ವೃತ್ತಿಯವರಾದ ನಮ್ಮ ಅಭಿಪ್ರಾಯ. ಸ್ವವೃತ್ತಿಯ ಅಭಿಮಾನವೆಂದು ವಾಚಕರು ಅದರಲ್ಲಿ ಕೊಂಚ ಕಳೆದುಕೊಂಡರೂ ಬಾಧಕವಿಲ್ಲ.

ಹೆಬ್ಬಾಳವು ಇನ್ನೊಂದು ಪಾಠಶಾಲೆಯ ಊರು. ೧೮೯೯ರಲ್ಲಿ ಇಲ್ಲಿ ಬೇಸಾಯದ ಪ್ರಯೋಗಕ್ಷೇತ್ರವು ಮೊದಲಾಯಿತು. ೧೯೧೩ರಲ್ಲಿ ಕೃಷಿಶಾಲೆ, ೧೯೪೬ರಲ್ಲಿ ಕಾಲೇಜು, ೧೯೬೪ರಲ್ಲಿ ಕೃಷಿ ವಿಶ್ವವಿದ್ಯಾನಿಲಯ. ಮಳೆಯನ್ನೇ ನೆಚ್ಚಿದ ರಾಗಿಯ ನಾಡಿಗೆ ಇದರಿಂದ ಆದ ಉಪಕಾರ ದೊಡ್ಡದು. ಆದರೂ ನಮ್ಮ ದೇಶದ ದುಡಿಯುವ ಜನರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ಇಂದಿಗೂ ಭೂಮಿಯನ್ನು ನಂಬಿದ್ದಾರೆ. ಜಪಾನಿನಲ್ಲಿ ನೂರಕ್ಕೆ ಮೂವರು. ಒಂದು ಹೆಕ್ಟೇರಿನಲ್ಲಿ ಅವರು ಆರೂವರೆ ಟನ್ನಿಗೂ ಮೀರಿ ಬತ್ತವನ್ನು ಬೆಳೆದರೆ ನಾವು ಬೆಳೆಯುವುದು ನಾಲ್ಕು ಟನ್ನಿನ ಆಸುಪಾಸು. ಆದರೆ ಅಲ್ಲಿ ಬೇಸಾಯವನ್ನೇ ಮುಖ್ಯ ಕಸುಬಾಗಿ ನಡೆಸುವವರ ಸರಾಸರಿ ವಯಸ್ಸು ಅರವತ್ತೇಳು ದಾಟಿದೆ. ಗದ್ದೆ ಚೆನ್ನಾಗಿದೆ, ಅದಕ್ಕೆ ಇಳಿಯುವ ಮಗನಿಲ್ಲ.

ಹೆಬ್ಬಾಳದ ಮೇಲುಸೇತುವೆಯ ಕೆಳಗೆ ಬಸ್ಸಿಗಾಗಿ ಕಾಯುತ್ತಿದ್ದೆವು. ಮೇಲೆ ವಿಮಾನನಿಲ್ದಾಣಕ್ಕೆ ಹೋಗುವ ಕಾರುಗಳ ಸಾಲು. ಕೆಳಗೆ ಬುತ್ತಿಯ ಗಂಟಿಟ್ಟುಕೊಂಡು ಕುಳಿತಿದ್ದ ಗಂಡಹೆಂಡಿರು ಹಲವರು. ಮಾತನಾಡಿಸಲಾಗಿ, ಅವರು ಕಲಬುರಗಿ ಸೀಮೆಯಿಂದ ಕಟ್ಟಡದ ಕೂಲಿಗೆ ಬಂದವರೆಂದೂ ಆ ದಿನ ಕೆಲಸ ಸಿಕ್ಕಲಿಲ್ಲವೆಂದೂ ತಿಳಿಯಿತು. ಆಗ ನಮಗೆ ಸರ್ಕಾರದ ಲೆಕ್ಕವೊಂದು ನೆನಪಾಯಿತು: ಬೆಂಗಳೂರು ನಗರ ಜಿಲ್ಲೆಯ ತಲಾ ಆದಾಯವು ಕಲಬುರಗಿ ಜಿಲ್ಲೆಯದಕ್ಕಿಂತ ನಾಲ್ಕು ಪಟ್ಟಿಗೂ ಮಿಕ್ಕಿದೆ. ಜಪಾನಿಗೂ ನಮಗೂ ಇರುವ ಐದು ಪಟ್ಟಿನ ಅಂತರವನ್ನು ಅಳೆಯಲು ನಾವು ಬೆಳಗಿನಿಂದ ಹೊರಟಿದ್ದೆವು. ಹೆಚ್ಚುಕಡಮೆ ಅಷ್ಟೇ ಅಂತರವು ಒಂದು ಸೇತುವೆಯ ಮೇಲೂ ಕೆಳಗೂ ಇದ್ದಿತು. ಕಲಬುರಗಿಯಿಂದ ಹೆಬ್ಬಾಳಕ್ಕೆ ಬಂದವನೂ ಯಲಹಂಕದಿಂದ ಜಪಾನಿಗೆ ಹೊರಟವನೂ ಒಂದೇ ದಾರಿಯ ಪಯಣಿಗರು. ಶಿಷ್ಯನು ಏನೂ ಮಾತನಾಡದೆ ತನ್ನ ಕಾಗದವನ್ನು ಮಡಿಸಿ ಜೇಬಿಗೆ ಸೇರಿಸಿದನು.

ಯಲಹಂಕವು ಕೆಂಪೇಗೌಡರ ವಂಶದವರ ಮೂಲಸ್ಥಾನ. ನಾವು ಅಲ್ಲಿ ಸೇರುವಾಗ ಮಧ್ಯಾಹ್ನವಾಗಿದ್ದಿತು. ಹಳೆಯ ಊರಿನ ಗಲ್ಲಿಯೊಂದರಲ್ಲಿ ಎರಡು ಕೋಣೆಗಳ ಮನೆ. ಶಿಷ್ಯನ ತಾಯಿಯವರು ಮುದ್ದೆ, ಹುರುಳಿಕಾಳಿನ ಸಾರುಗಳನ್ನು ಬಡಿಸಿ, ಊಟವಾದ ಮೇಲೆ ಬಾಗಿಲ ಬಳಿ ಕುಳಿತರು. ಮಗನು ಬೆಳಗಿನ ಲೆಕ್ಕವನ್ನೆಲ್ಲ ವಿವರಿಸಿದನು. ಆಕೆ ಎಲ್ಲವನ್ನೂ ಕೇಳಿ ನಮ್ಮ ಕಡೆ ತಿರುಗಿ, “ಅಲ್ಲ ಮೇಷ್ಟ್ರೇ, ಅಷ್ಟು ದುಡ್ಡಿರೋ ದೇಶದಲ್ಲಿ ಅವರ ಮುದುಕರನ್ನ ನೋಡ್ಕೊಳ್ಳೋಕೆ ಅವರ ಮಕ್ಕಳಿಲ್ವಾ? ನನ್ನ ಮಗನೇ ಹೋಗ್ಬೇಕಾ?” ಎಂದು ಕೇಳಿದರು.

ಮೂವತ್ತು ವರ್ಷ ಪ್ರಶ್ನೆ ಕೇಳಿದವರಿಗೆ ಉತ್ತರ ಹೇಳುವುದು ಎಷ್ಟು ಕಷ್ಟವೆಂಬುದು ಅಂದು ತಿಳಿಯಿತು. ನಮಗೆ ಗೊತ್ತಿದ್ದುದನ್ನು ಹೇಳಿದೆವು. ಆ ದೇಶದಲ್ಲಿ ನೂರಕ್ಕೆ ೨೯ ಮಂದಿ ಅರವತ್ತೈದು ದಾಟಿದವರು. ನಮ್ಮಲ್ಲಿ ಏಳು ಮಂದಿ. ಅಲ್ಲಿ ಹುಟ್ಟುವವರಿಗಿಂತ ಸಾಯುವವರೇ ಹೆಚ್ಚು. ೨೦೨೩ರಲ್ಲಿ ಎಣಿಸಿದಾಗ ವಾಸವಿಲ್ಲದ ಮನೆಗಳು ೯೦ ಲಕ್ಷವಿದ್ದುವು. ಮಕ್ಕಳಿಲ್ಲದ ಶಾಲೆಗಳು ಮುಚ್ಚಿಹೋಗುತ್ತಿವೆ. ಆದರೆ ಮುದುಕರನ್ನು ಅವರು ಬೀದಿಗೆ ಬಿಟ್ಟಿಲ್ಲ. ಸರ್ವರಿಗೂ ಆರೋಗ್ಯವಿಮೆಯನ್ನು ೧೯೬೧ರಲ್ಲಿಯೇ, ಎಂದರೆ ಜಾಲಹಳ್ಳಿಯಲ್ಲಿ ಗಡಿಯಾರದ ಕಾರ್ಖಾನೆ ಮೊದಲಾದ ವರ್ಷದಲ್ಲಿಯೇ, ಜಾರಿಗೆ ತಂದರು. ೨೦೦೦ದಲ್ಲಿ ವೃದ್ಧರ ಆರೈಕೆಗೆಂದೇ ಮತ್ತೊಂದು ವಿಮೆಯನ್ನು ಮಾಡಿದರು. ನಲವತ್ತು ತುಂಬಿದ ಪ್ರತಿಯೊಬ್ಬನೂ ವಂತಿಗೆ ಕೊಡುತ್ತಾನೆ. ಕೈಲಾಗದ ಕಾಲಕ್ಕೆ ಆರೈಕೆಯ ವೆಚ್ಚದಲ್ಲಿ ಸಾಮಾನ್ಯವಾಗಿ ಹತ್ತನೆಯ ಒಂದು ಪಾಲನ್ನು ತಾನು ತೆತ್ತರೆ ಸಾಕು. ನಮ್ಮ ರಾಜ್ಯದಲ್ಲಿ ಬಡ ವೃದ್ಧರಿಗೆ ಸಂಧ್ಯಾಸುರಕ್ಷಾ ವೇತನವುಂಟು. ೨೦೨೧ರಲ್ಲಿ ಅದನ್ನು ತಿಂಗಳಿಗೆ ೧,೨೦೦ ರೂಪಾಯಿಗೆ ಏರಿಸಿದರು. ಉಳಿದ ಭಾರವೆಲ್ಲ ಮಕ್ಕಳ ಮೇಲೆ.

ನಮ್ಮ ಹಿರಿಯರು ಒಬ್ಬರನ್ನೊಬ್ಬರು ಕಂಡಾಗ ಯೋಗಕ್ಷೇಮವನ್ನು ವಿಚಾರಿಸುತ್ತಿದ್ದರು. ಇಲ್ಲದುದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಪಾಡುವುದು ಕ್ಷೇಮ ಎಂದು ಭಾಷ್ಯಕಾರರು ಅರ್ಥಮಾಡುತ್ತಾರೆ. ಇಂದಿನ ಅಂಕಿಗಳು ಬಹುಮಟ್ಟಿಗೆ ಯೋಗದ ಅಂಕಿಗಳು. ಕ್ಷೇಮದ ಲೆಕ್ಕ ಬೇರೆ: ಸಾವಿರ ಶಿಶುಗಳಲ್ಲಿ ವರ್ಷ ತುಂಬುವುದರೊಳಗೆ ಅಲ್ಲಿ ಸಾಯುವವು ಎರಡು, ನಮ್ಮಲ್ಲಿ ಇಪ್ಪತ್ತೈದು, ಅಲ್ಲಿನ ಸರಾಸರಿ ಆಯುಸ್ಸು ೮೪, ನಮ್ಮದು ಸುಮಾರು ೭೨. ಅವರಿಗೆ ಕ್ಷೇಮದ ಏರ್ಪಾಡು ಇದೆ, ಕೈಗಳು ಸಾಲವು. ನಮಗೆ ಕೈಗಳುಂಟು, ಏರ್ಪಾಡು ಸಾಲದು. ಆದುದರಿಂದಲೇ ನಮ್ಮ ಹುಡುಗನು ಅಲ್ಲಿಗೆ ಹೋಗುತ್ತಾನೆ, ಆತನ ತಾಯಿ ಇಲ್ಲಿ ಒಬ್ಬರೇ ಉಳಿಯುತ್ತಾರೆ. ನಮ್ಮ ದೇಶಕ್ಕೂ ಮುಪ್ಪು ಬರಲಿದೆ. ಆ ಏರ್ಪಾಡನ್ನು ಮಾಡಿಕೊಳ್ಳಲು ಯೌವನವೇ ಕಾಲ.

ಹೋಗಬೇಡವೆಂದು ಹೇಳಲು ನಮಗೆ ಬಾಯಿ ಬರಲಿಲ್ಲ. ಹೋಗೆಂದು ಹೇಳಲು ಮನಸ್ಸು ಬರಲಿಲ್ಲ. ನಮ್ಮ ಕಷ್ಟವನ್ನು ಆ ತಾಯಿಯೇ ಪರಿಹರಿಸಿದರು. “ಹೋಗಿಬರಲಿ ಬಿಡಿ. ಅಲ್ಲಿ ಮುದುಕರನ್ನ ಹೇಗೆ ನೋಡ್ಕೋತಾರೆ ಅನ್ನೋದನ್ನ ಕಲಿತ್ಕೊಂಡು ಬರಲಿ. ಇಲ್ಲೂ ಬೇಕಾಗತ್ತೆ” ಎಂದರು. ಶಿಷ್ಯನು ತಲೆ ತಗ್ಗಿಸಿ ಕುಳಿತಿದ್ದನು. ಆಕೆಯ ತಂಗಿಯ ಮಗಳು ಯಲಹಂಕದಲ್ಲಿಯೇ ಓದುತ್ತಿದ್ದಾಳಂತೆ. ಈ ಐದು ವರ್ಷ ಜೊತೆಗಿರಲು ಒಪ್ಪಿದ್ದಾಳೆ. ನಾವೂ ತಿಂಗಳಿಗೊಂದು ಸಲ ಬಂದು ವಿಚಾರಿಸಿಕೊಂಡು ಹೋಗುವೆವೆಂದು ಮಾತುಕೊಟ್ಟು ಎದ್ದೆವು.

ಶಿಷ್ಯನು ಹೊರಟು ಈಗ ಎರಡು ವಾರವಾಯಿತು. ನಿನ್ನೆ ನಾವು ಯಲಹಂಕಕ್ಕೆ ಹೋಗಿದ್ದೆವು. ತಂದೆಯ ಗಡಿಯಾರವನ್ನು ಆತನು ಕೊಂಡೊಯ್ಯದೆ ತಾಯಿಯ ಬಳಿಯಲ್ಲಿಯೇ ಬಿಟ್ಟುಹೋಗಿದ್ದಾನೆ. ದಿನವೂ ಬೆಳಗ್ಗೆ ಅದಕ್ಕೆ ಕೀಲಿಕೊಡುವ ಕೆಲಸ ಈಗ ಆಕೆಯದು.