ರಾಂಜಣಗಾಂವದ ದಾರಿಯಲ್ಲೊಂದು ಹುಟ್ಟುಹಬ್ಬ

ಊರಿನಿಂದ ನೆಂಟರು ಬಂದರೆ ಪುಣೆಯ ಕನ್ನಡಿಗರು ಮಾಡಿಸುವ ಸುತ್ತಾಟದಲ್ಲಿ ಅಷ್ಟವಿನಾಯಕ ಯಾತ್ರೆ ಇದ್ದೇ ಇರುತ್ತದೆ. ಮೋರಗಾಂವದಿಂದ ಶುರುಮಾಡಿ ಸಂಪ್ರದಾಯದ ಪ್ರಕಾರ ಹೋದರೆ ಎಂಟನೆಯದು ರಾಂಜಣಗಾಂವದ ಮಹಾಗಣಪತಿ. ಪುಣೆಯಿಂದ ಅಹಿಲ್ಯಾನಗರಕ್ಕೆ (ಹಳೆಯ ಹೆಸರು ಅಹ್ಮದನಗರ) ಹೋಗುವ ಹೆದ್ದಾರಿಯ ಪಕ್ಕದಲ್ಲೇ, ಸುಮಾರು 50 ಕಿಲೋಮೀಟರ್ ದೂರದಲ್ಲಿದೆ. ದೇವಸ್ಥಾನದಷ್ಟೇ ಹೆಸರು ಈಗ ಇಲ್ಲಿನ ಎಂಐಡಿಸಿಗೂ ಇದೆ. ಎಲ್‌ಜಿ, ವರ್ಲ್‌ಪೂಲ್, ಹೈಯರ್, ಫಿಯಟ್ ಎಲ್ಲವುಗಳ ಕಾರ್ಖಾನೆಗಳು ಇಲ್ಲಿವೆ. ಐಟಿಐ ಮುಗಿಸಿ ಕೆಲಸಕ್ಕೆ ಬಂದ ನಮ್ಮ ಕಡೆಯ ಹುಡುಗರೂ ಚಹಾ ಅಂಗಡಿಗಳಲ್ಲಿ ಸಿಗುತ್ತಾರೆ.

ವಾಘೋಲಿಯಲ್ಲಿ ನಾವು ಮನೆ ಮಾಡಿ ಹತ್ತು ವರ್ಷವಾಯಿತು. ಈ ದಾರಿ ನಿಜವಾಗಿ ಪರಿಚಯವಾದದ್ದು ಮಾತ್ರ ಕಳೆದ ಚಳಿಗಾಲದಲ್ಲಿ. ಅಹಿಲ್ಯಾನಗರ ಜಿಲ್ಲೆಯ ಒಂದು ದತ್ತು ಸಂಸ್ಥೆಯಲ್ಲಿ ಎರಡೂವರೆ ವರ್ಷದ ಹೆಣ್ಣುಮಗುವನ್ನು ನೋಡಲು ಬರುವಂತೆ ಕರೆ ಬಂದಿತ್ತು. ಅವರು ಕೊಟ್ಟ ದಿನ ನನ್ನ ಹೆಂಡತಿಯ ಹುಟ್ಟುಹಬ್ಬ. ದಾರಿಯಲ್ಲಿ ದೇವರಿಗೆ ಕೈಮುಗಿದು ಹೋಗೋಣ ಎಂದಳು.

ಬೆಳಗ್ಗೆ ಆರಕ್ಕೇ ಹೊರಟೆವು. ಆಮೇಲೆ ಹೊರಟರೆ ವಾಘೋಲಿ ಮತ್ತು ಶಿಕ್ರಾಪುರದ ಟ್ರಾಫಿಕ್ಕಿನಲ್ಲೇ ಅರ್ಧ ದಿನ ಹೋಗುತ್ತದೆ. ಲೋಣಿಕಂದ ದಾಟಿದರೆ ಪೆರಣೆಯಲ್ಲಿ 1818ರ ಜನವರಿ 1ರ ಯುದ್ಧದ ವಿಜಯಸ್ತಂಭ. ಅದರ ಹತ್ತಿರವೇ ಭೀಮಾ ನದಿಯ ಸೇತುವೆ. ಭೀಮಾಶಂಕರದಲ್ಲಿ ಹುಟ್ಟಿದ ಈ ನೀರೇ ಪಂಢರಪುರದಲ್ಲಿ ಚಂದ್ರಭಾಗಾ ಎನಿಸಿಕೊಂಡು, ವಿಜಯಪುರ, ಕಲಬುರಗಿ ಜಿಲ್ಲೆಗಳನ್ನು ಹಾದು, ನಮ್ಮ ಗಾಣಗಾಪುರ ಮುಟ್ಟಿ, ಕೊನೆಗೆ ಕೃಷ್ಣೆಯನ್ನು ಸೇರುತ್ತದೆ. ನಾನು ಈಜು ಕಲಿತದ್ದು ಅಫಜಲಪುರ ತಾಲ್ಲೂಕಿನಲ್ಲಿ, ಇದೇ ಹೊಳೆಯಲ್ಲಿ. ಸೇತುವೆ ಬಂದಾಗಲೆಲ್ಲ ಗಾಡಿ ನಿಧಾನ ಮಾಡುವುದು ನನಗೆ ಅಭ್ಯಾಸ.

ರಾಂಜಣಗಾಂವದ ದೇವಸ್ಥಾನ ಪೂರ್ವಾಭಿಮುಖ. ದಕ್ಷಿಣಾಯನದಲ್ಲಿ ಸೂರ್ಯನ ಕಿರಣ ನೇರವಾಗಿ ಮೂರ್ತಿಯ ಮೇಲೆ ಬೀಳುವಂತೆ ಕಟ್ಟಿದ್ದಾರೆ ಎನ್ನುತ್ತಾರೆ. ಗರ್ಭಗುಡಿಯ ಕೆಲಸ ಮಾಡಿಸಿದವರು ಮಾಧವರಾವ್ ಪೇಶ್ವೆ. ಅಕ್ಕಪಕ್ಕದಲ್ಲಿ ಸಿದ್ಧಿ, ಬುದ್ಧಿ. ಹತ್ತು ಸೊಂಡಿಲು, ಇಪ್ಪತ್ತು ಕೈಗಳ ‘ಮಹೋತ್ಕಟ’ ಎಂಬ ಇನ್ನೊಂದು ಮೂರ್ತಿ ನೆಲಮಾಳಿಗೆಯಲ್ಲಿದೆ ಎಂಬ ಮಾತೂ ಜನರ ಬಾಯಲ್ಲಿದೆ.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಸ್ಥಳಪುರಾಣ. ತ್ರಿಪುರಾಸುರನಿಗೆ ವರ ಕೊಟ್ಟವನು ಶಿವನೇ. ಆಮೇಲೆ ಅವನೊಡನೆ ಯುದ್ಧಕ್ಕೆ ನಿಂತರೆ ಗೆಲ್ಲಲಾಗುತ್ತಿಲ್ಲ. ಹೊರಡುವ ಮುಂಚೆ ಗಣಪತಿಯನ್ನು ನೆನೆಯಲಿಲ್ಲ ಎಂದು ನಾರದರು ಹೇಳುತ್ತಾರೆ. ಶಿವ ಇಲ್ಲಿಗೆ ಬಂದು ಮಗನನ್ನು ಪೂಜಿಸಿ ಯುದ್ಧ ಗೆಲ್ಲುತ್ತಾನೆ. ಪಾರ್ವತಿ ತನ್ನ ಕೈಯಾರೆ ಮಾಡಿಕೊಂಡ, ತಾನು ಗುರುತೇ ಹಿಡಿಯದೆ ತಲೆ ಕಡಿದ ಹುಡುಗನ ಮುಂದೆ ಅಪ್ಪ ಕೈಮುಗಿದು ನಿಂತ ಜಾಗ ಇದು. ಮಗು ನಮ್ಮನ್ನು ಒಪ್ಪುತ್ತದೋ ಇಲ್ಲವೋ ಎಂದು ಹೊರಟಿದ್ದ ನಮಗೆ ಈ ಕಥೆ ಬಹಳ ಹತ್ತಿರವಾಯಿತು. ಪೇಡಾದ ಎರಡು ಡಬ್ಬಿ ಕಟ್ಟಿಸಿಕೊಂಡು ಮುಂದೆ ಹೊರಟೆವು.

ದತ್ತಿನ ವಿಷಯ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ದೇಶಕ್ಕೆಲ್ಲ ಒಂದೇ ಸಾಲು, ಅದನ್ನು ನಡೆಸುವುದು ಕಾರಾ ಎಂಬ ಕೇಂದ್ರ ಸರ್ಕಾರದ ಪ್ರಾಧಿಕಾರ. ಆನ್‌ಲೈನಿನಲ್ಲಿ ನೋಂದಣಿ ಮಾಡಬೇಕು. ಸಮಾಜ ಕಾರ್ಯಕರ್ತರು ಮನೆಗೆ ಬಂದು ವರದಿ ಬರೆಯುತ್ತಾರೆ. ಆಮೇಲೆ ಕಾಯುವುದು. ನಾವು ಕಾದದ್ದು ಮೂರು ವರ್ಷಕ್ಕೂ ಹೆಚ್ಚು. ಮಗುವಿನ ವಿವರ ಬಂದ ಮೇಲೆ ‘ಹೂಂ’ ಎನ್ನಲು ಸಿಗುವುದು 48 ಗಂಟೆ. ಬಿಟ್ಟುಹೋದ ಮಗುವಾದರೆ ಹೆತ್ತವರನ್ನು ಹುಡುಕಿ ಸಿಗದ ಮೇಲಷ್ಟೇ ಮಕ್ಕಳ ಕಲ್ಯಾಣ ಸಮಿತಿ ಅದನ್ನು ದತ್ತಿಗೆ ಮುಕ್ತ ಎಂದು ಘೋಷಿಸುತ್ತದೆ. ಐದು ವರ್ಷ ದಾಟಿದ ಮಗುವಾದರೆ ಅದರ ಒಪ್ಪಿಗೆಯೂ ಬೇಕು. ಸಂಸ್ಥೆಯ ಸಮಿತಿ ನಮ್ಮನ್ನು ಒಪ್ಪಿದರೆ ಮಗುವನ್ನು ಮೊದಲು ಪಾಲನೆಗೆ ಕೊಡುತ್ತಾರೆ. ಕೊನೆಯ ಆಜ್ಞೆ ಮೊದಲು ನ್ಯಾಯಾಲಯದ್ದಾಗಿತ್ತು. 2021ರ ತಿದ್ದುಪಡಿ ಆ ಅಧಿಕಾರವನ್ನು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಕೊಟ್ಟಿತು.

ಕಾಯುವ ದಿನಗಳಲ್ಲಿ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೆ. ನಿದ್ದೆಗೆಡಿಸಿದ್ದು ರಷ್ಯದ ಸಂಗತಿ. 1990ರ ನಂತರ ಅಮೆರಿಕದ ಎಷ್ಟೋ ದಂಪತಿಗಳು ಅಲ್ಲಿಗೆ ಹಾರಿ, ಭಾಷೆ ಬಾರದ ಊರುಗಳಲ್ಲಿ ದಿನಗಟ್ಟಲೆ ಉಳಿದು, ಅನಾಥಾಲಯದ ಮಕ್ಕಳನ್ನು ಮನೆಗೆ ಕರೆತಂದರು. ದತ್ತು ಹೋದ ದೀಮಾ ಯಾಕೊವ್ಲೆವ್ ಎಂಬ ಕೂಸು 2008ರಲ್ಲಿ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಸತ್ತಿತು. ಅದೇ ಮಗುವಿನ ಹೆಸರಿನಲ್ಲಿ ಕರೆಯುವ ಕಾನೂನಿಗೆ 2012ರ ಡಿಸೆಂಬರ್ 28ರಂದು ಪುಟಿನ್ ಸಹಿ ಹಾಕಿದರು. ಮುಂದಿನ ಜನವರಿ 1ರಿಂದ ಅಮೆರಿಕದವರಿಗೆ ಬಾಗಿಲು ಬಂದ್. ಆಗಲೇ ಬಂದು ಮಗುವನ್ನು ಎತ್ತಿಕೊಂಡು ಆಡಿಸಿ, ಕಾಗದಪತ್ರಕ್ಕಾಗಿ ಕಾಯುತ್ತಿದ್ದ ಮನೆಗಳೂ ಇದ್ದವು. ನಮ್ಮ ದೇಶದ ಪರಿಸ್ಥಿತಿ ಬೇರೆ, ನಿಜ. ಆದರೂ ಆಜ್ಞೆ ಕೈಗೆ ಬರುವ ತನಕ ಏನೂ ಆಗಬಹುದು ಎಂಬ ಅಳುಕು ಹೋಗಲಿಲ್ಲ.

ಧೈರ್ಯ ಕೊಟ್ಟ ಕಥೆ ಪುಣೆಯದೇ. 1979ರಲ್ಲಿ ಇಲ್ಲಿ ಹುಟ್ಟಿ, ಸಸೂನ್ ಆಸ್ಪತ್ರೆಯ ಶ್ರೀವತ್ಸ ಶಿಶುಕೇಂದ್ರದಿಂದ ದತ್ತು ಹೋದ ಲೀಸಾ ಸ್ಥಾಲೇಕರ್ ಮುಂದೆ ಆಸ್ಟ್ರೇಲಿಯಾ ಮಹಿಳಾ ತಂಡವನ್ನು ಮುನ್ನಡೆಸಿದರು. ಏಕದಿನ ಕ್ರಿಕೆಟ್‌ನಲ್ಲಿ 1000 ರನ್ ಮತ್ತು 100 ವಿಕೆಟ್ ಎರಡನ್ನೂ ದಾಟಿದ ಮೊದಲ ಮಹಿಳೆ ಅವರು.

ಸಂಸ್ಥೆಯಲ್ಲಿ ಮಗು ನಮ್ಮನ್ನು ಕಂಡ ಕೂಡಲೇ ಮಾವಶಿಯ ಸೆರಗಿನ ಹಿಂದೆ ಅಡಗಿತು. ಅಲ್ಲಿ ನೋಡಿಕೊಳ್ಳುವ ಹೆಂಗಸರನ್ನೆಲ್ಲ ಮಕ್ಕಳು ಕರೆಯುವುದು ಹಾಗೆಯೇ. ಮಗುವಿಗೆ ಬರುವುದು ಮರಾಠಿ, ನನ್ನ ಹೆಂಡತಿಯದು ತರಕಾರಿ ಮಾರ್ಕೆಟ್ಟಿನ ಮರಾಠಿ. ಹುಟ್ಟುಹಬ್ಬದ ಸುದ್ದಿ ಹೇಗೋ ಹೊರಬಿತ್ತು. ಹತ್ತು ಹನ್ನೆರಡು ಮಕ್ಕಳು ಚಪ್ಪಾಳೆ ತಟ್ಟಿ ‘ಹ್ಯಾಪಿ ಬರ್ತ್‌ಡೇ ಮಾವಶಿ’ ಎಂದು ಹಾಡಿದವು. ಪೇಡಾ ಹಂಚಿದೆವು. ನಮ್ಮವಳು ಒಂದು ಪೇಡಾ ತೆಗೆದುಕೊಂಡು ಅರ್ಧ ಕಚ್ಚಿ, ಎಂಜಲಾಗಿದ್ದ ಉಳಿದರ್ಧವನ್ನು ನನ್ನ ಹೆಂಡತಿಯ ಕೈಯಲ್ಲಿಟ್ಟಳು. ಅವಳು ಅದನ್ನು ಬಾಯಿಗೆ ಹಾಕಿಕೊಂಡು ಕಿಟಕಿಯ ಕಡೆ ತಿರುಗಿದಳು.

ವಾಪಸು ಬರುವಾಗ ಶಿಕ್ರಾಪುರದ ಹತ್ತಿರ ಒಂದು ರಸವಂತಿಯಲ್ಲಿ ಕಬ್ಬಿನ ಹಾಲು ಕುಡಿಯಲು ನಿಂತೆವು. ಅಲ್ಲಿಂದಲೇ ಊರಿಗೆ ಫೋನು ಮಾಡಿದೆ. ಅವ್ವ ಕೇಳಿದ ಮೊದಲ ಪ್ರಶ್ನೆ, “ಕೂಸು ಯಾವಾಗ ಹುಟ್ಟೇದ?” ಕಡತದಲ್ಲಿ ಒಂದು ತಾರೀಖಿದೆ, ಆದರೆ ಅದು ಡಾಕ್ಟರು ಹಲ್ಲು, ತೂಕ ನೋಡಿ ಅಂದಾಜಿನಲ್ಲಿ ಬರೆದದ್ದು ಎಂದೆ.

“ಅಂದಾಜ ಇದ್ರ ಏನಾತೋ ಯಪ್ಪಾ. ನಿಮ್ಮಪ್ಪಂದು ಏನದ? ಜೂನ್ ಒಂದು. ಸಾಲಿಗಿ ಹಾಕೂ ಮುಂದ ಮಾಸ್ತರ್ ಬರ್ಕೊಂಡಾರ. ಅವರು ಹುಟ್ಟಿದ್ದು ಜ್ವಾಳದ ರಾಶಿ ಟೈಮಿನ್ಯಾಗ.”

ನಮ್ಮ ಕಡೆ ಅಪ್ಪನ ವಾರಿಗೆಯ ಅರ್ಧ ಊರೇ ಜೂನ್ 1ರಂದು ಹುಟ್ಟಿದೆ. ಅವ್ವನ ಮಾತಿಗೆ ನಕ್ಕೆವು. ಆದರೆ ಅಪ್ಪನಿಗೆ ರಾಶಿಯ ಕಾಲ ನೆನಪಿಟ್ಟ ಅವರವ್ವ ಇದ್ದಳು. ಈ ಮಗುವಿಗೆ ಅದನ್ನು ಹೇಳುವವರು ಇಲ್ಲ. ಹದಿನೆಂಟು ದಾಟಿದ ಮೇಲೆ ತನ್ನ ಮೂಲ ಹುಡುಕಲು ಅರ್ಜಿ ಹಾಕುವ ಅವಕಾಶ ಅವಳಿಗೆ ಇದೆ. ಏನಾದರೂ ಸಿಗಬಹುದು, ಸಿಗದೆಯೂ ಇರಬಹುದು.

ಮಹಾರಾಷ್ಟ್ರದಲ್ಲಿ ಗಣಪತಿಯ ಜಯಂತಿ ಮಾಘ ಶುದ್ಧ ಚೌತಿ. ನಮ್ಮಲ್ಲಿ ಅವನನ್ನು ಮನೆಗೆ ತರುವುದು ಭಾದ್ರಪದದ ಚೌತಿಗೆ, ಇಲ್ಲಿಯವರೂ ಅದನ್ನು ಬಿಡುವುದಿಲ್ಲ. ಹುಟ್ಟಿದ್ದಕ್ಕೊಂದು ದಿನ, ಮನೆಗೆ ಬಂದದ್ದಕ್ಕೊಂದು ದಿನ. ನಾವೂ ಹಾಗೇ ಇಟ್ಟುಕೊಂಡಿದ್ದೇವೆ. ಕಾಗದದ ತಾರೀಖಿಗೆ ಕೇಕು, ಮನೆಗೆ ಬಂದ ದಿನಕ್ಕೆ ಹೋಳಿಗೆ.

ಮಗಳು ಈಗ ನಮ್ಮ ಜೊತೆಗಿದ್ದಾಳೆ. ಆಜ್ಞೆ ಇನ್ನೂ ಬಂದಿಲ್ಲ, ಅಳುಕು ಪೂರ್ತಿ ಹೋಗಿಲ್ಲ. ದತ್ತಿನ ವಿಷಯವನ್ನು ಚಿಕ್ಕಂದಿನಿಂದಲೇ ಕಥೆಯಂತೆ ಹೇಳುತ್ತಾ ಬನ್ನಿ, ಒಂದು ದಿನ ಕೂರಿಸಿಕೊಂಡು ಹೇಳುವ ಗುಟ್ಟು ಮಾಡಬೇಡಿ ಎಂದು ಸಂಸ್ಥೆಯವರು ತಿಳಿಸಿದ್ದಾರೆ. ಹಾಗಾಗಿ ರಾತ್ರಿ ಮಲಗುವಾಗ ಭೀಮಾ ಸೇತುವೆ, ಆನೆಮುಖದ ಮಗನಿಗೆ ಕೈಮುಗಿದ ಅಪ್ಪ, ಹಾಡಿದ ಮಕ್ಕಳು, ಮಾವಶಿಯರು ಎಲ್ಲ ಬರುತ್ತಾರೆ. ಪೇಡಾದ ಜಾಗ ಬಂದಾಗ ಅವಳು ಬಾಯಿ ತೆರೆದು ತೋರಿಸುತ್ತಾಳೆ. ತಾರೀಖು ಅಂದಾಜಿನದು ಎಂಬುದನ್ನೂ ಮುಂದೆ ಇದೇ ಕಥೆಗೆ ಸೇರಿಸುತ್ತೇವೆ.