ಹೊರಟವರ ಬೆನ್ನ ಹಿಂದೆ

ನಮ್ಮ ಆಫೀಸಿನಲ್ಲಿ ತಿಂಗಳ ಕೊನೆಯ ದಿನವೆಂದರೆ ಬೀಳ್ಕೊಡುಗೆಯ ದಿನ. ಅರವತ್ತು ತುಂಬಿದವರು ಅಂದು ನಿವೃತ್ತರಾಗುತ್ತಾರೆ. ನಾಲ್ಕು ಗಂಟೆಗೆ ಎಲ್ಲರೂ ಸೇರುತ್ತೇವೆ. ಶಾಲು, ಹಾರ, ತೆಂಗಿನಕಾಯಿ, ಸಮೋಸಾ, ಚಹಾ. ಕೊನೆಗೆ ಮಾನಪತ್ರದ ವಾಚನ. ಈ ಮಾನಪತ್ರ ಬರೆಯುವ ಕೆಲಸ ಬಹಳ ವರ್ಷಗಳಿಂದ ನನ್ನದು. ಬಿ.ಎಸ್‌ಸಿ.ಯಲ್ಲಿ ಓದಿದ ರಸಾಯನಶಾಸ್ತ್ರ ನನ್ನ ಗುಮಾಸ್ತಿಕೆಯಲ್ಲಿ ಒಂದು ದಿನವೂ ಉಪಯೋಗಕ್ಕೆ ಬರಲಿಲ್ಲ. ಬಂದದ್ದು ಅಕ್ಷರ ಮಾತ್ರ. ಕನ್ನಡ ಶಾಲೆಯಲ್ಲಿ ಮಾಸ್ತರರು ಕಾಪಿ ಬರೆಸಿ ದುಂಡಗೆ ಮಾಡಿದ ಕೈ ಇದು. ಪುಣೆಗೆ ಬಂದು ಹಿಂದಿ ಬರೆದರೂ ದುಂಡಗೇ ಬರೆಯುತ್ತದೆ.

ಈ ಅಕ್ಷರದ ವಿಷಯ ಸುಮ್ಮನೆ ಹೇಳಿದ್ದಲ್ಲ. ಅದಕ್ಕೊಂದು ಕಾರಣವಿದೆ. ಮೊದಲು ಒಂದು ದೂರದ ಕತೆ ಹೇಳಬೇಕು.

2019ರ ಆಗಸ್ಟ್ 25, ಭಾನುವಾರ ಬೆಳಿಗ್ಗೆ ನನ್ನ ಅಕ್ಕನ ಮಗನ ಫೋನು ಬಂತು. ಅವನು ಆಗ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿದ್ದ. ಅಲ್ಲಿ ಇನ್ನೂ ಶನಿವಾರದ ರಾತ್ರಿ. ಹುಡುಗ ಕುದಿಯುತ್ತಿದ್ದ.

"ಮಾಮಾ, ನಡುನೀರಾಗ ಕೈಬಿಟ್ಟು ಹೋದ! ಇಪ್ಪತ್ತೊಂಬತ್ತಕ್ಕ ಯಾರರ ರಿಟೈರ್ ಆಗ್ತಾರೇನು?"

ಆಫೀಸಿನಲ್ಲಿ ಯಾರೋ ಕೆಲಸ ಬಿಟ್ಟರೆಂದುಕೊಂಡೆ. ಅಲ್ಲ, ಅವನ ಮೆಚ್ಚಿನ ಫುಟ್‌ಬಾಲ್ ಆಟಗಾರ ಆಂಡ್ರ್ಯೂ ಲಕ್. ಅಲ್ಲಿಯ ಫುಟ್‌ಬಾಲ್ ನಮ್ಮದಲ್ಲ. ಚೆಂಡು ಎರಡೂ ತುದಿಗೆ ಚೂಪು. ಕಾಲಿಗಿಂತ ಕೈಗೇ ಹೆಚ್ಚು ಕೆಲಸ. ಕ್ವಾರ್ಟರ್‌ಬ್ಯಾಕ್ ಎಂಬುವನು ಚೆಂಡು ಹಿಡಿದು, ಮುಂದೆ ಓಡುವ ತನ್ನವನಿಗೆ ಎಸೆಯಬೇಕು. ಅವನು ಎಸೆಯುವ ಮೊದಲೇ ಅವನನ್ನು ಕೆಡವುವುದು ಎದುರಾಳಿಗಳ ಕೆಲಸ. ಒಬ್ಬೊಬ್ಬರೂ ನಮ್ಮ ಗರಡಿಮನೆಯ ಪೈಲ್ವಾನರನ್ನು ಮೀರಿಸುವ ಗಾತ್ರದವರು. ಲಕ್ ಇಂಥ ಕ್ವಾರ್ಟರ್‌ಬ್ಯಾಕ್.

ಆ ದೇಶದಲ್ಲಿ ಕಾಲೇಜಿನ ಆಟವೂ ದೊಡ್ಡ ಜಾತ್ರೆ. ಲಕ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹುಡುಗ. ಕಾಲೇಜು ಆಟಗಾರರ ಅತಿ ದೊಡ್ಡ ಗೌರವವಾದ ಹೈಸ್‌ಮನ್ ಟ್ರೋಫಿಯ ಮತದಾನದಲ್ಲಿ 2010 ಮತ್ತು 2011ರಲ್ಲಿ ಎರಡನೆಯವನಾಗಿ ಬಂದ. 2011ರ ಆರಂಭದಲ್ಲೇ ವೃತ್ತಿಪರ ಆಟಕ್ಕೆ ಹೋಗಿದ್ದರೆ ಕೋಟಿಗಟ್ಟಲೆ ಹಣ ಕಾದಿತ್ತು. ಆದರೆ ಡಿಗ್ರಿ ಮುಗಿಯದೆ ಬರುವುದಿಲ್ಲವೆಂದು ಇನ್ನೊಂದು ವರ್ಷ ಉಳಿದ. ಓದುತ್ತಿದ್ದುದು ವಾಸ್ತುವಿನ್ಯಾಸ. ಮೊದಲು ಡಿಗ್ರಿ, ಆಮೇಲೆ ಉಳಿದದ್ದು ಎನ್ನುವ ನಮ್ಮ ಮನೆಗಳ ಹಿರಿಯರು ಕೇಳಿದ್ದರೆ ಮೆಚ್ಚಿಕೊಳ್ಳುತ್ತಿದ್ದರು.

2012ರಲ್ಲಿ ಇಂಡಿಯಾನಾಪೊಲಿಸ್‌ನ ಕೋಲ್ಟ್ಸ್ ತಂಡ ಅವನನ್ನು ದೇಶದಲ್ಲೇ ಮೊದಲನೆಯವನಾಗಿ ಆರಿಸಿಕೊಂಡಿತು. 2014ರ ಜನವರಿ 4ರಂದು ಒಂದು ಪಂದ್ಯದಲ್ಲಿ 10-38ರಿಂದ ಹಿಂದೆ ಬಿದ್ದಿದ್ದ ತಂಡವನ್ನು ಎತ್ತಿ 45-44ರಿಂದ ಗೆಲ್ಲಿಸಿದ. ಊರಿನವರಿಗೆ ಅವನು ದೇವರಾಗಲು ಅಷ್ಟು ಸಾಕಾಯಿತು. ನಮ್ಮ ಹುಡುಗನೂ ಲಕ್‌ನ 12ನೇ ನಂಬರಿನ ನೀಲಿ ಅಂಗಿ ಕೊಂಡಿದ್ದ.

ಆ ಶನಿವಾರ ಋತು ಆರಂಭಕ್ಕೆ ಮುಂಚಿನ ತಯಾರಿ ಪಂದ್ಯ. ಲಕ್ ಆಡುತ್ತಿರಲಿಲ್ಲ, ಮೈದಾನದ ಅಂಚಿನಲ್ಲಿ ನಿಂತಿದ್ದ. ಪಂದ್ಯ ಮುಗಿಯುವ ಮೊದಲೇ ಅವನು ನಿವೃತ್ತನಾಗುತ್ತಿರುವ ಸುದ್ದಿ ಜನರ ಫೋನುಗಳಿಗೆ ಬಂತು. ಅವನಿನ್ನೂ ಬಾಯಿಬಿಟ್ಟು ಹೇಳಿರಲಿಲ್ಲ. ಪಂದ್ಯ ಮುಗಿದು ಒಳಗೆ ನಡೆದುಹೋಗುವಾಗ, ಏಳು ವರ್ಷ ಹೆಸರು ಕೂಗಿ ಕುಣಿದ ಅದೇ ಜನರಲ್ಲಿ ಹಲವರು 'ಹೋ' ಎಂದು ಕೂಗಿ ಛೀಮಾರಿ ಹಾಕಿದರು.

"ನೀನೂ ಕೂಗಿದೇನು?" ಎಂದೆ.

"ಕೂಗಿದೆ. ಟಿಕೀಟಿಗೆ ರೊಕ್ಕ ಕೊಟ್ಟೀನಿ ಮಾಮಾ."

"ಇರಲಿ. ಯಾಕ ಬಿಟ್ಟನಂತ?"

ಹುಡುಗ ಒಂದೊಂದಾಗಿ ಹೇಳತೊಡಗಿದ. ಪಕ್ಕೆಲುಬಿನ ಮೃದ್ವಸ್ಥಿ ಹರಿದಿತ್ತು. 2015ರಲ್ಲಿ ಪೆಟ್ಟು ಬಿದ್ದು ಮೂತ್ರಪಿಂಡಕ್ಕೇ ಗಾಯ, ಹೊಟ್ಟೆಯ ಸ್ನಾಯುವೂ ಹರಿದಿತ್ತು. 2017ರ ಆರಂಭದಲ್ಲಿ ಚೆಂಡು ಎಸೆಯುವ ಭುಜಕ್ಕೇ ಶಸ್ತ್ರಚಿಕಿತ್ಸೆ. ಆ ವರ್ಷ ಒಂದು ಪಂದ್ಯವೂ ಇಲ್ಲ. 2018ರಲ್ಲಿ ಮರಳಿ ಬಂದು, ಚೇತರಿಸಿಕೊಂಡು ಆಡಿದ ಶ್ರೇಷ್ಠ ಆಟಗಾರನೆಂಬ ಪ್ರಶಸ್ತಿ ಪಡೆದ. 2019ರಲ್ಲಿ ಮತ್ತೆ ಕಾಲಿನ ಮೀನಖಂಡ ಮತ್ತು ಹರಡಿನ ನೋವು. ಗಾಯ, ನೋವು, ಚಿಕಿತ್ಸೆ, ಮತ್ತೆ ಗಾಯ. ಈ ಸುತ್ತಿನಲ್ಲಿ ಆಟದ ಸಂತೋಷವೇ ಹೋಯಿತೆಂದು ಆ ರಾತ್ರಿ ಪತ್ರಕರ್ತರ ಮುಂದೆ ಕಣ್ಣೀರು ಹಾಕಿ ಹೇಳಿದ್ದನಂತೆ. ಜನ ಕೂಗಿದ್ದು ನೋವಾಯಿತೆಂದೂ ಒಪ್ಪಿಕೊಂಡಿದ್ದನಂತೆ.

ಪಟ್ಟಿ ಮುಗಿಯುವ ಹೊತ್ತಿಗೆ ಹುಡುಗನ ದನಿ ಇಳಿದಿತ್ತು. ಬೈಯಬೇಕೆಂದು ನನಗೆ ಅನ್ನಿಸಲಿಲ್ಲ. ಬೈಯಲು ನನಗೆ ಬಾಯಿಯೂ ಇರಲಿಲ್ಲ. ಅಂದು ಅವನಿಗೆ ನನ್ನದೊಂದು ಕತೆ ಹೇಳಿದೆ. ಅದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

1999ರ ಮಾತು. ಧಾರವಾಡದ ಹಾಸ್ಟೆಲಿನಲ್ಲಿ ಬಿ.ಎಸ್‌ಸಿ. ಓದುತ್ತಿದ್ದೆ. ನಮ್ಮ ಕಾಲೇಜಿನ ಫುಟ್‌ಬಾಲ್ ತಂಡದ ಮುಂದಾಳು ನಮ್ಮ ಸಾಲಿನ ಕೋಣೆಯವನೇ. ಹಾವೇರಿ ಕಡೆಯ ರೈತರ ಮಗ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ, ಕೆಸರಿನ ಮೈದಾನದಲ್ಲಿ ಅವನು ಚೆಂಡು ತೆಗೆದುಕೊಂಡು ಹೊರಟರೆ ನಾವು ಕೊಡೆ ಮುಚ್ಚಿ ಎದ್ದು ನಿಲ್ಲುತ್ತಿದ್ದೆವು. ಊಟದ ಸಾಲಿನಲ್ಲಿ ಅವನಿಗೆ ಮೊದಲ ಜಾಗ. ಅವನ ರೆಕಾರ್ಡ್ ಪುಸ್ತಕಗಳನ್ನು ನಾನೇ ಬರೆದುಕೊಡುತ್ತಿದ್ದೆ.

ಅಂತರಕಾಲೇಜು ಫೈನಲ್ಲಿಗೆ ನಾಲ್ಕು ದಿನವಿರುವಾಗ ಅವನು ಇನ್ನು ಆಡುವುದಿಲ್ಲವೆಂದ. ಮೊಣಕಾಲು ಊದಿತ್ತು. ಇನ್ನೊಮ್ಮೆ ತಿರುಚಿದರೆ ಜೀವನಪೂರ್ತಿ ಕುಂಟಬೇಕಾದೀತೆಂದು ಡಾಕ್ಟರು ಹೇಳಿದ್ದರು. ನಾವು ನಂಬಲಿಲ್ಲ. ಹೆದರಿದ್ದಾನೆ ಎಂದೆವು. ತಂಡ ಎರಡು ಗೋಲಿನಿಂದ ಸೋತಿತು. ಅಂದು ರಾತ್ರಿ ಯಾರೋ ಪೇಟೆಯಿಂದ ಒಂದು ಡಜನ್ ಹಸಿರು ಗಾಜಿನ ಬಳೆ ತಂದರು. ದಾರಕ್ಕೆ ಪೋಣಿಸಿ ಅವನ ಬಾಗಿಲಿಗೆ ಕಟ್ಟಿದೆವು. ಜೊತೆಗೊಂದು ಚೀಟಿ: 'ನಮ್ಮ ವೀರರಿಗೆ ಉಡುಗೊರೆ.' ಅಕ್ಷರ ಚೆನ್ನಾಗಿದೆಯೆಂದು ನನ್ನಿಂದಲೇ ಬರೆಸಿದರು. ನಾನೂ ಉತ್ಸಾಹದಿಂದಲೇ ಬರೆದೆ. ಬಳೆ ತೊಟ್ಟ ಕೈಗಳೇ ನಮ್ಮೆಲ್ಲರನ್ನೂ ಸಾಕಿದ್ದೆಂಬ ವಿವೇಕವೂ ಆಗ ಇರಲಿಲ್ಲ. ಬೆಳಿಗ್ಗೆ ಅವನು ಬಾಗಿಲು ತೆರೆದು, ನೋಡಿ, ಬಳೆಗಳನ್ನು ಬಿಚ್ಚಿಕೊಂಡು ಒಳಗೆ ಹೋದ. ಮಾತಾಡಲಿಲ್ಲ. ಅಂದಿನಿಂದ ಊಟಕ್ಕೆ ಎಲ್ಲರದ್ದಾದ ಮೇಲೆ ಬರುತ್ತಿದ್ದ.

2012ರಲ್ಲಿ ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಪುಣೆಯ ಗಾಡಿಗೆ ಕಾಯುತ್ತಿದ್ದಾಗ ಅವನೇ ಗುರುತು ಹಿಡಿದು ಬಂದ. ಈಗ ಶಾಲಾ ಮಾಸ್ತರ. ನಡಿಗೆಯಲ್ಲಿ ಸ್ವಲ್ಪ ಎಳೆತವಿತ್ತು. ಚಹಾ ಕುಡಿದೆವು, ಮಕ್ಕಳುಮರಿಯ ಮಾತಾಡಿದೆವು. ಗಾಡಿ ಬರುವ ಹೊತ್ತಿಗೆ ನಗುತ್ತಲೇ ಕೇಳಿದ:

"ಆ ಚೀಟಿ ಮ್ಯಾಲಿನ ಅಕ್ಷರ ನಿಂದ ಅಲ್ಲೇನು? ಮುತ್ತಿನಂಗ ಇತ್ತು ನೋಡು. ಬಳಿ ನಮ್ಮ ತಂಗಿಗೆ ಕೊಟ್ಟೆ. ಅಳತಿ ಬರೋಬ್ಬರಿ ಆತು."

ನನ್ನ ಗಂಟಲು ಕಟ್ಟಿತು. ಗಾಡಿ ಬಂತು. ಹತ್ತಿ ಕುಳಿತೆ. ತಪ್ಪಾಯಿತೆನ್ನುವ ಒಂದು ಮಾತನ್ನು ಪ್ಲಾಟ್‌ಫಾರಮ್ಮಿನಲ್ಲೇ ಬಿಟ್ಟುಬಂದೆ.

ಕತೆ ಕೇಳಿ ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ನಿಂಗ ಅಕ್ಷರದ ಗುರುತರ ಸಿಕ್ತು ಮಾಮಾ. ಅಷ್ಟು ಮಂದ್ಯಾಗ ನನ್ನ ದನಿ ಅಂವಗ ಹೆಂಗ ಗೊತ್ತಾಗಬೇಕು?" ಎಂದ. ಗುಂಪಿನಲ್ಲಿ ಕೂಗುವುದು ಅದಕ್ಕೇ ಅಷ್ಟು ಸುಲಭ.

ಅಭಿಮಾನಿಗಳಾದ ನಾವು ಕೊಡುವುದು ಚಪ್ಪಾಳೆ, ಟಿಕೀಟಿನ ಹಣ. ಅಷ್ಟಕ್ಕೇ ಆಟಗಾರನ ಮೊಣಕಾಲು, ಭುಜ, ಮೂತ್ರಪಿಂಡ ಎಲ್ಲ ನಮ್ಮವಾದವೆಂದು ತಿಳಿಯುತ್ತೇವೆ. ಕೊಟ್ಟ ಬೋನಸ್ಸಿನಲ್ಲಿ ಸುಮಾರು 2 ಕೋಟಿ 48 ಲಕ್ಷ ಡಾಲರು ವಾಪಸು ಕೇಳುವ ಹಕ್ಕಿದ್ದರೂ ಕೋಲ್ಟ್ಸ್ ತಂಡ ಕೇಳಲಿಲ್ಲವೆಂದು ಆಗ ವರದಿಯಾಗಿತ್ತು. ಹೆಚ್ಚುವರಿ ಪಾವತಿಯ ಹತ್ತು ರೂಪಾಯಿಗೂ ವಸೂಲಿ ಆದೇಶ ಟೈಪು ಮಾಡುವ ನನಗೆ ಇದು ದೊಡ್ಡ ಆಶ್ಚರ್ಯ. ಹಣ ಕೊಟ್ಟವರೇ ಬಿಟ್ಟದ್ದನ್ನು, ಟಿಕೀಟು ಕೊಂಡವರು ಬಿಡಲಾರದೆ ಹೋದರು.

ಲಕ್ ಆಮೇಲೆ ಸ್ಟ್ಯಾನ್‌ಫರ್ಡಿಗೇ ಹೋಗಿ ಶಿಕ್ಷಣಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದ. 2024ರ ನವೆಂಬರಿನಲ್ಲಿ ಅಲ್ಲಿಯ ಫುಟ್‌ಬಾಲ್ ತಂಡದ ಜನರಲ್ ಮ್ಯಾನೇಜರ್ ಆಗಿ ನೇಮಕಗೊಂಡ. ಸುದ್ದಿ ತಿಳಿಸಿದವನು ನಮ್ಮ ಹುಡುಗನೇ. "ನೀಲಿ ಅಂಗಿ ಇನ್ನೂ ಇಟ್ಟೀನಿ ಮಾಮಾ" ಎಂದ.

ಕಳೆದ ತಿಂಗಳ ಕೊನೆಗೆ ನಮ್ಮಲ್ಲೊಬ್ಬರು ಅರವತ್ತಕ್ಕೆ ಮುಂಚೆಯೇ ಸ್ವಯಂ ನಿವೃತ್ತಿ ಪಡೆದರು. ಬೆನ್ನುನೋವು. "ಆರಾಮಾಗಿರೋಕೆ ನೆಪ" ಎಂದು ಚಹಾದ ಹೊತ್ತಿನಲ್ಲಿ ಒಂದಿಬ್ಬರು ನಕ್ಕರು. ನಾನು ನಗಲಿಲ್ಲ. ಅವರ ಮಾನಪತ್ರವನ್ನು ಎಂದಿಗಿಂತ ನಿಧಾನವಾಗಿ ಬರೆದೆ. ಅಂದು ರಾತ್ರಿ ಮನೆಯಲ್ಲಿ ಅದೇ ಪೆನ್ನಿನಿಂದ ಹಾವೇರಿ ಕಡೆಯ ಆ ಮಾಸ್ತರನಿಗೂ ಒಂದು ಕಾಗದ ಬರೆದು ಹಾಕಿದ್ದೇನೆ. ಹೊರಗೆ ಹೆಸರು ಬರೆಯಲಿಲ್ಲ. ಅಕ್ಷರ ಅವನಿಗೆ ಗೊತ್ತು.